ಒಂಬತ್ತು ಪಟ್ಟಿಗಳ ಪೆಟ್ಟಿಗೆ

ಲಂಡನ್ನಿಗೆ ಹೋದವರು ಬಿಗ್ ಬೆನ್ ನೋಡುತ್ತಾರೆ, ಅರಮನೆ ನೋಡುತ್ತಾರೆ. ನನ್ನ ಮೊಮ್ಮಗ ಮೊದಲು ಕರೆದೊಯ್ದದ್ದು ಬಾರ್ನ್ಸ್ ಎಂಬ ಬಡಾವಣೆಯ ಒಂದು ಚಿತ್ರಮಂದಿರಕ್ಕೆ. ಅದೂ ಸಿನಿಮಾ ನೋಡಲಲ್ಲ, ಹೊರಗೆ ನಿಂತು ಕಟ್ಟಡ ನೋಡಲು! ಹ್ಯಾಮರ್‌ಸ್ಮಿತ್‌ನಲ್ಲಿ ರೈಲಿಳಿದು, ಹಸಿರು ಬಣ್ಣದ ಹಳೆಯ ತೂಗುಸೇತುವೆಯ ಮೇಲೆ ಥೇಮ್ಸ್ ದಾಟಿ ನಡೆದೆವು. ನನ್ನ ಮಂಡಿಗೆ ಆ ನಡಿಗೆ ತುಸು ಹೆಚ್ಚೇ ಆಯಿತು.

ಆ ಕಟ್ಟಡದ ಹೆಸರು ಒಲಿಂಪಿಕ್ ಸ್ಟುಡಿಯೋಸ್. 2013ರಿಂದ ಅಲ್ಲಿ ಸಿನಿಮಾ ತೋರಿಸುತ್ತಾರೆ. ಅದಕ್ಕೂ ಮೊದಲು ಹಲವು ದಶಕ ಅದು ಹಾಡುಗಳನ್ನು ಧ್ವನಿಮುದ್ರಿಸುವ ಜಾಗ. 1967ರಲ್ಲಿ ಪ್ರೋಕಲ್ ಹಾರಮ್ ಎಂಬ ತಂಡ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡನ್ನು ಮುದ್ರಿಸಿದ್ದು ಇಲ್ಲೇ. ಆ ಹಾಡನ್ನು ಕೇಳಿದವರಿಗೆ ಪದಗಳಿಗಿಂತ ಮೊದಲು ನೆನಪಾಗುವುದು ಅದರ ಆರ್ಗನ್. ಅದನ್ನು ನುಡಿಸಿದವರು ಮ್ಯಾಥ್ಯೂ ಫಿಶರ್. ಹಾಡಿನ ಒಡೆತನದಲ್ಲಿ ಮಾತ್ರ ಅವರ ಹೆಸರೇ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರು ಕೋರ್ಟಿಗೆ ಹೋದರು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 2009ರಲ್ಲಿ, ಆರ್ಗನ್ನಿನ ಆ ಧಾಟಿಯೂ ಹಾಡಿನ ಭಾಗವೇ ಎಂದು ಒಪ್ಪಿ, ಸಂಗೀತದ ಹಕ್ಕಿನಲ್ಲಿ ಶೇಕಡಾ 40ರ ಪಾಲನ್ನು ಎತ್ತಿಹಿಡಿಯಿತು. ಹಾಡು ಬಂದು ಆಗ 42 ವರ್ಷ!

ಸ್ವಲ್ಪ ಮುಂದೆ ಬಾತುಕೋಳಿಗಳ ಕೊಳವಿದೆ. ಅಲ್ಲಿ ಬೆಂಚಿನ ಮೇಲೆ ಕೂತಾಗ ಮೊಮ್ಮಗ ವಿಷಯಕ್ಕೆ ಬಂದ. ಶಾಲೆಯ ಗೆಳೆಯರ ತಂಡಕ್ಕೆ ಅವನೊಂದು ಕೀಬೋರ್ಡ್ ಕೊಳ್ಳಬೇಕು. ಎರಡು ವರ್ಷ ಕೂಡಿಟ್ಟ ದುಡ್ಡು. ತಪ್ಪಿದರೆ ಮತ್ತೊಂದು ಕೊಳ್ಳಲು ಕಾಲೇಜು ಮುಗಿಯಬೇಕು. “ಅಜ್ಜಿ, ನೀನು ಹಾರ್ಮೋನಿಯಂ ನುಡಿಸಿದವಳು, ನಿನ್ನ ಕಿವಿ ಬೇಕು” ಎಂದ. ನಮ್ಮಪ್ಪ ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವರು. ಹಾಗಾಗಿ ಒಪ್ಪಿಕೊಂಡೆ.

ಈ ಹ್ಯಾಮಂಡ್ ಆರ್ಗನ್ ಕಥೆ ಮಕ್ಕಳಿಗೆ ಹೇಳಲೇಬೇಕು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ಮೊದಲು ವಿದ್ಯುತ್ ಗಡಿಯಾರ ಮಾಡುತ್ತಿದ್ದವರು. 1935ರಲ್ಲಿ ಅವರು ತಂದ ಆರ್ಗನ್ನಿನ ಹೊಟ್ಟೆಯಲ್ಲೂ ಗಡಿಯಾರದಂತೆ ಚಕ್ರಗಳೇ. ಹೆಸರಾಂತ ಬಿ-3 ಮಾದರಿಯಲ್ಲಿ 91 ಲೋಹದ ಚಕ್ರಗಳು. ಹಲ್ಲುಗಳಿರುವ ಚಕ್ರವೊಂದು ಅಯಸ್ಕಾಂತದ ಎದುರು ತಿರುಗಿದಾಗ, ಅಯಸ್ಕಾಂತಕ್ಕೆ ಸುತ್ತಿದ ತಂತಿಯಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಹಲ್ಲು ಹೆಚ್ಚಿದಷ್ಟೂ, ವೇಗ ಹೆಚ್ಚಿದಷ್ಟೂ ಸ್ವರ ಮೇಲಕ್ಕೆ. ಇನ್ನು ಮುಂದೆ ಚಾಚಿಕೊಂಡಿರುವ ಒಂಬತ್ತು ಪಟ್ಟಿಗಳು, ಡ್ರಾಬಾರ್. ಒಂದೊಂದನ್ನೂ ಸೊನ್ನೆಯಿಂದ ಎಂಟರವರೆಗೆ ಎಳೆಯಬಹುದು. ಸಾರಿಗೆ ಹುಳಿ, ಖಾರ, ಬೆಲ್ಲ ಹಾಕಿದ ಹಾಗೆ, ಎಳೆದಷ್ಟು ರುಚಿ ಬೇರೆ! ಮೊದಲ ಮೂರನ್ನು ಪೂರ್ತಿ ಎಳೆದು ಉಳಿದದ್ದನ್ನು ಮುಚ್ಚಿದರೆ ರಾಕ್ ಮತ್ತು ಜಾಝ್‌ನವರ ಅಚ್ಚುಮೆಚ್ಚಿನ ಗಟ್ಟಿ ದನಿ.

ಜೊತೆಗೆ ಡೊನಾಲ್ಡ್ ಲೆಸ್ಲಿ ಮಾಡಿದ ಸ್ಪೀಕರ್. ಅದರೊಳಗೆ ಕಹಳೆಯೊಂದು ಗಿರಗಿರ ತಿರುಗುತ್ತದೆ. ರೈಲು ಹತ್ತಿರ ಬರುವಾಗ ಸಿಳ್ಳೆ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕೇಳುತ್ತದಲ್ಲ, ಹಾಗೆ ದನಿ ಅಲೆಯಾಡುತ್ತದೆ. ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ಅವರು ತಮ್ಮ ಹ್ಯಾಮಂಡ್ ಅನ್ನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೇ ಜೋಡಿಸಿ ಗುಡುಗಿಸಿದರು. ಎಲ್ಲ ಸರಿ, ಆದರೆ ಹಳೆಯ ಬಿ-3 ಸುಮಾರು ಎರಡು ಕ್ವಿಂಟಲ್ ತೂಕ. ಮೊಮ್ಮಗ ಹೋಗುವುದು ರೈಲಿನಲ್ಲಿ.

ಮರುದಿನ ಅಂಗಡಿಗೆ ಹೋದೆವು. ಮೊದಲನೆಯದು 88 ಮನೆಗಳ ಭಾರಿ ಕೀಬೋರ್ಡ್, ಒಳಗೆ ನೂರಾರು ವಾದ್ಯಗಳ ದನಿ. ಅಷ್ಟೊಂದು ದನಿ ಇರುವುದನ್ನು ಕಂಡರೆ ನನಗೆ ಅನುಮಾನವೇ. ಎಲ್ಲ ಅಡುಗೆಯೂ ಸಿಗುವ ಹೋಟೆಲಿನಲ್ಲಿ ಯಾವುದೂ ರುಚಿಸದು. ಅದರ ಮನೆಗಳು ಪಿಯಾನೋದಂತೆ ತೂಕದವು, ಮುಂಚೂಣಿ ಚೂಪು. ರಾಕ್ ಆರ್ಗನ್ ನುಡಿಸುವವರು ಅಂಗೈಯನ್ನೇ ಮನೆಗಳ ಮೇಲೆ ಸರ್ರನೆ ಎಳೆಯುತ್ತಾರೆ. ಮೊಮ್ಮಗ ಎಳೆದು ನೋಡಿ “ಆಯ್!” ಎಂದು ಕೈ ಹಿಂತೆಗೆದ.

ಎರಡನೆಯದು ಹಗುರ, ಮನೆಗಳ ಅಂಚು ದುಂಡಗೆ, ಅಂಗೈ ನೀರಿನಂತೆ ಜಾರಿತು. ಆದರೆ ಡ್ರಾಬಾರ್ ಬದಲು ಗುಂಡಿಗಳು, ದೀಪದ ಸಾಲು. ನುಡಿಸುತ್ತಿರುವಾಗಲೇ ಎಡಗೈಯಲ್ಲಿ ಮೂರು ಪಟ್ಟಿ ಒಟ್ಟಿಗೆ ಸೆಳೆಯುವ ಸುಖ ಅದರಲ್ಲಿಲ್ಲ.

ಮೂರನೆಯದರಲ್ಲಿ ನಿಜವಾದ ಒಂಬತ್ತು ಪಟ್ಟಿಗಳು, ದುಂಡಂಚಿನ 61 ಮನೆಗಳು, ತೂಕ ಏಳೆಂಟು ಕಿಲೊ. ನಾನು ಕಣ್ಣು ಮುಚ್ಚಿ ಕೇಳಿದೆ. ಒಂದೇ ಮನೆಯನ್ನು ಮೆಲ್ಲಗೆ ಒತ್ತು, ಜೋರಾಗಿ ಒತ್ತು ಎಂದೆ. ದನಿ ಒಂದೇ. ನಮ್ಮ ಹಾರ್ಮೋನಿಯಂನಲ್ಲೂ ಹಾಗೇ, ಜೋರು ಇರುವುದು ಬೆರಳಿನಲ್ಲಲ್ಲ, ತಿದಿಯಲ್ಲಿ. ಇಲ್ಲಿ ತಿದಿಯ ಕೆಲಸ ಪಾದದ ಪೆಡಲಿನದು. ಒತ್ತಿದ ಕ್ಷಣ ‘ಟಿಕ್’ ಎಂದು ಚಿಕ್ಕ ಸದ್ದೂ ಬಂತು. ಹ್ಯಾಮಂಡ್ ಅದನ್ನು ದೋಷವೆಂದು ತಿಳಿದಿದ್ದರಂತೆ, ನುಡಿಸುವವರಿಗೆ ಅದೇ ಇಷ್ಟವಾಯಿತು. ಈಗ ಕಂಪ್ಯೂಟರ್ ಚಿಪ್ಪಿನಲ್ಲಿ ಬೇಕೆಂದೇ ಆ ಟಿಕ್ ತುಂಬುತ್ತಾರೆ! ಕೊನೆಗೆ ಲೆಸ್ಲಿಯ ಗುಂಡಿ. ನಿಧಾನದಿಂದ ವೇಗಕ್ಕೆ ಒತ್ತಿದಾಗ ದನಿ ತಟ್ಟನೆ ಜಿಗಿಯಬಾರದು. ಚಕ್ರಕ್ಕೆ ತೂಕವಿದ್ದಂತೆ ಮೆಲ್ಲಗೆ ವೇಗ ಹಿಡಿಯಬೇಕು. ಹಿಡಿಯಿತು. ನನ್ನ ತೋಳಿನ ರೋಮ ಎದ್ದಿತು.

“ಇದೇ” ಎಂದೆವು ಇಬ್ಬರೂ.

ದುಡ್ಡು ಎಣಿಸಿದರೆ ಕೀಬೋರ್ಡಿಗೆ ಸರಿಹೋಯಿತು, ಪೆಡಲಿಗೂ ಹೋಯಿತು. ಸ್ಪೀಕರ್ ಹುಟ್ಟುಹಬ್ಬಕ್ಕೆ, ಅಲ್ಲಿಯವರೆಗೆ ಹೆಡ್‌ಫೋನ್. ಹೆಗಲಿಗೆ ಹಾಕುವ ಚೀಲದ ದುಡ್ಡು ನಾನು ಕೊಟ್ಟೆ.