ಹಿಮ ಬೀಳದ ಊರಿಗೆ ಬಂದ ಹಿಮಗಾಳಿ



ನಮ್ಮ ಖಡಕಿಯಲ್ಲಿ ಹಿಮ ಬೀಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಶೀರ್ಷಿಕೆ ನೋಡಿದ ಕೂಡಲೇ ನೀವು ಮೊಬೈಲು ತೆಗೆದು ಪರೀಕ್ಷಿಸುತ್ತೀರೆಂದು ಗೊತ್ತು. ಪುಣೆಯಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 1.7 ಡಿಗ್ರಿ, ಅದೂ 1935ರ ಜನವರಿ 17ರಂದು. ಆಗಲೂ ನೀರು ಕಲ್ಲಾಗುವಷ್ಟು ಚಳಿ ಇರಲಿಲ್ಲ. ಬೇಸಿಗೆಯ ಮಳೆಯಲ್ಲಿ ಬೀಳುವ ಆಲಿಕಲ್ಲೇ ನಮ್ಮ ಪಾಲಿನ ಹಿಮ. ಇಲ್ಲಿಯವರು ಅದಕ್ಕೆ 'ಗಾರಾ' ಎನ್ನುತ್ತಾರೆ, ಧಾರವಾಡದ ಕಡೆ ನಾವು 'ಆಣಿಕಲ್ಲು' ಎನ್ನುತ್ತಿದ್ದೆವು.

ನಮ್ಮ ಭಾಷೆಯಲ್ಲಿ ಹಿಮಕ್ಕೆ ಮನೆಮಾತಿನ ಪದ ಇದೆಯೇ ಎಂದು ಯೋಚಿಸಿ ನೋಡಿ. 'ಮಂಜು' ಎಂದರೆ ಬೆಳಗಿನ ಮಬ್ಬೂ ಆಗುತ್ತದೆ, ಹಿಮಾಲಯದ ಮೇಲಿನದೂ ಆಗುತ್ತದೆ. 'ಹಿಮ' ಪುಸ್ತಕದ ಮಾತು. ಆಡುಮಾತಿನಲ್ಲಿ ನಾವು 'ಬರ್ಫ' ಎಂದುಬಿಡುತ್ತೇವೆ. ಕಾಣದ ವಸ್ತುವಿಗೆ ಮಾತು ಎಲ್ಲಿಂದ ಬರಬೇಕು? ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು. ಮೂರು ವರ್ಷ ಪದ್ಯಪದ್ಯಕ್ಕೂ ಹಿಮ ಬೀಳುತ್ತಿತ್ತು. ಹೊರಗೆ ಧಾರವಾಡದ ಕೆಮ್ಮಣ್ಣಿನ ಧೂಳು, ಒಳಗೆ ಬೆಂಚಿನ ಮೇಲೆ ಕುಳಿತು ನಾವು 'ಬಿಳಿ ಮೌನ'ದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೆವು! ಮದುವೆಯಾಗಿ ಖಡಕಿಗೆ ಬಂದ ಮೇಲೆ ಆ ಹಿಮ ನಿಜವಾದದ್ದೆಂದು ತಿಳಿಯಿತು. ಇಲ್ಲಿ ಅದು ಬೀಳದಿದ್ದರೂ, ಅದರ ಸುದ್ದಿ ಬರುವ ಮನೆಗಳು ಬೀದಿಬೀದಿಗೂ ಇವೆ.

ಅದಕ್ಕೆ ಮೊದಲು ಒಂದು ದಿನದ ಕಥೆ ಹೇಳಬೇಕು. 2022ರ ಜನವರಿ 23, ಭಾನುವಾರ. ಕೊರೋನಾದ ಮೂರನೆಯ ಅಲೆ ನಡೆದಿತ್ತು. ಮನೆಗೊಬ್ಬರಾದರೂ ಕೆಮ್ಮುತ್ತಿದ್ದ ಕಾಲ. ಬೆಳಿಗ್ಗೆ ಎದ್ದು ಗಚ್ಚಿಗೆ ಹೋದರೆ ಸೂರ್ಯ ಚಂದ್ರನ ಹಾಗೆ ಕಾಣುತ್ತಿದ್ದ, ಕಣ್ಣಿಟ್ಟು ನೋಡಬಹುದಿತ್ತು. ಇದು ಮುಳಾ ನದಿಯ ಮಂಜು, ಒಂಬತ್ತಕ್ಕೆ ಕರಗುತ್ತದೆ ಎಂದುಕೊಂಡು ರಗ್ಗು, ರಜಾಯಿಗಳನ್ನು ಒಣಹಾಕಿ ಬಂದೆ. ಹನ್ನೊಂದಾದರೂ ಕರಗಲಿಲ್ಲ. ಗಾಳಿ ಜೋರಾಯಿತು. ಸಾಮಾನ್ಯವಾಗಿ ಜನವರಿಯಲ್ಲಿ ನಮ್ಮಲ್ಲಿ ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಫ್ಯಾನು. ಅಂದು ಮಧ್ಯಾಹ್ನವೇ ಬರಲಿಲ್ಲ ಅನ್ನಿ. ಮೂರು ಗಂಟೆಗೂ ಸಂಜೆಯ ಬೆಳಕು, ಮೈ ಕೊರೆಯುವ ಗಾಳಿ, ಬಾಯಲ್ಲಿ ಸಣ್ಣಗೆ ಮರಳಿನ ರುಚಿ.

ರಜಾಯಿ ತರಲು ಹೋದಾಗ ಅದರ ಮೇಲೆ ಅಕ್ಕಿಹಿಟ್ಟು ಚಿಮುಕಿಸಿದಂತೆ ಬಿಳಿ ಪುಡಿ. ಕೆಳಗೆ ನಿಂತ ಕಾರು, ಸ್ಕೂಟರುಗಳ ಮೇಲೂ ಅದೇ. ಹುಡುಗರು ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುತ್ತ "ಬರ್ಫ ಪಡ್ಲಾ, ಬರ್ಫ ಪಡ್ಲಾ!" ಎಂದು ಕೂಗುತ್ತಿದ್ದರು. ಪಕ್ಕದ ಮನೆಯ ಕಾಕೂ ಮಾತ್ರ ಮೂಗಿಗೆ ಸೆರಗು ಒತ್ತಿಕೊಂಡು, ಕಾರ್ಖಾನೆಯಲ್ಲಿ ಏನಾದರೂ ಆಗಿರಬೇಕೆಂದು ಹೆದರಿ ಕುಳಿತಿದ್ದರು. 1869ರಿಂದ ಮದ್ದುಗುಂಡಿನ ಕಾರ್ಖಾನೆ ಇರುವ ಊರು ನೋಡಿ, ಇಲ್ಲಿ ಆಕಾಶದಲ್ಲಿ ಏನು ಕಂಡರೂ ಮೊದಲ ಯೋಚನೆ ಅದೇ.

ಸಂಜೆಯ ಸುದ್ದಿಯಲ್ಲಿ ತಿಳಿಯಿತು: ಆ ಪುಡಿ ಬಂದದ್ದು ಪಾಕಿಸ್ತಾನದ ಕಡೆಯಿಂದ. ಹಿಂದಿನ ದಿನ ಕರಾಚಿಯಲ್ಲಿ ಎದ್ದ ಧೂಳಿನ ಬಿರುಗಾಳಿ ಅರಬ್ಬೀ ಸಮುದ್ರ ದಾಟಿ, ಗುಜರಾತು, ಮುಂಬಯಿ ಮುಗಿಸಿ, ಘಟ್ಟ ಹತ್ತಿ ನಮ್ಮ ರಜಾಯಿಯ ಮೇಲೆ ಕುಳಿತಿತ್ತು. ಅದೇ ಎರಡು ದಿನ ಕಾಶ್ಮೀರ, ಹಿಮಾಚಲದಲ್ಲಿ ಭಾರೀ ಹಿಮಪಾತ. ಶಿಮ್ಲಾ ಬೆಳ್ಳಗಾಗಿತ್ತು, ಹಿಮಾಚಲದಲ್ಲಿ ನೂರಾರು ರಸ್ತೆಗಳು ಮುಚ್ಚಿದ್ದವು. ಅಲ್ಲಿಯ ಹಿಮ, ಇಲ್ಲಿಯ ಧೂಳು ಎರಡಕ್ಕೂ ಕಾರಣ ಒಂದೇ. ಹವಾಮಾನದವರು ಅದನ್ನು 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎನ್ನುತ್ತಾರೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ವಾಯುಭಾರ ಕುಸಿತಗಳು ಮೇಲಿನ ಪಶ್ಚಿಮದ ಗಾಳಿಯೊಂದಿಗೆ ಇರಾನ್, ಅಫಘಾನಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ತಾಗುತ್ತವೆ. ತಂದ ತೇವವನ್ನೆಲ್ಲ ಅಲ್ಲಿ ಹಿಮವಾಗಿ ಸುರಿಯುತ್ತವೆ. ಬಯಲಿಗೆ ಒಂದಿಷ್ಟು ಮಳೆ ಕೊಡುತ್ತವೆ, ಪಂಜಾಬಿನ ಗೋಧಿಗೆ ಅದೇ ಆಧಾರ. ಅವು ದಾಟಿದ ಮೇಲೆ ಬೆನ್ನ ಹಿಂದೆ ಉತ್ತರದ ಒಣ, ತಣ್ಣನೆಯ ಗಾಳಿ ಕೆಳಕ್ಕೆ ನುಗ್ಗುತ್ತದೆ. ಪುಣೆಯಲ್ಲಿ ಒಮ್ಮೆಲೇ ಥಂಡಿ ಏರಿತೆಂದರೆ ಎರಡು ಮೂರು ದಿನ ಹಿಂದಿನ ಪೇಪರು ತೆಗೆದು ನೋಡಿ, ಕಾಶ್ಮೀರದಲ್ಲಿ ಹಿಮ ಬಿದ್ದ ಚಿತ್ರ ಬಹಳ ಸಲ ಸಿಗುತ್ತದೆ. ಅಂದಿನ ಗಾಳಿ ಎಷ್ಟು ಜೋರಿತ್ತೆಂದರೆ, ದಾರಿಯಲ್ಲಿದ್ದ ಮರುಭೂಮಿಯನ್ನೂ ಒಂದಿಷ್ಟು ಹೊತ್ತು ತಂದಿತು.

ಈ ಲೆಕ್ಕವನ್ನೆಲ್ಲ ಇಡುವ ಕಟ್ಟಡವನ್ನು ನೀವು ನೂರು ಸಲ ನೋಡಿದ್ದೀರಿ. ಖಡಕಿ ಸ್ಟೇಷನ್ನಿನಿಂದ ಲೋಕಲ್ ಹತ್ತಿದರೆ ಮುಂದಿನದೇ ಶಿವಾಜಿನಗರ. ಅಲ್ಲಿ ಬಸ್ ಕಂಡಕ್ಟರ್ "ಸಿಮ್ಲಾ ಆಫೀಸ್, ಸಿಮ್ಲಾ ಆಫೀಸ್" ಎಂದು ಕೂಗುವುದನ್ನು ಕೇಳಿರುತ್ತೀರಿ. ಪುಣೆಗೂ ಶಿಮ್ಲಾಕ್ಕೂ ಏನು ಸಂಬಂಧವೆಂದು ಕೇಳಿದ್ದೀರಾ? ಭಾರತದ ಹವಾಮಾನ ಇಲಾಖೆ 1875ರಲ್ಲಿ ಕಲಕತ್ತೆಯಲ್ಲಿ ಶುರುವಾಯಿತು. 1905ರಲ್ಲಿ ಅದರ ಮುಖ್ಯ ಕಛೇರಿ ಶಿಮ್ಲಾಕ್ಕೆ ಹೋಯಿತು, 1928ರಲ್ಲಿ ಅಲ್ಲಿಂದ ಪುಣೆಗೆ ಬಂತು. 1944ರಲ್ಲಿ ಅದು ದೆಹಲಿಗೆ ಹೊರಟುಹೋದರೂ, ಪುಣೆಯ ದೊಡ್ಡ ಕಛೇರಿ ಇಲ್ಲೇ ಉಳಿಯಿತು. ಜನ ಇಟ್ಟ ಹೆಸರೂ ಉಳಿಯಿತು. ಹಿಮದ ಊರಿನ ಹೆಸರು ಹೊತ್ತ ಆ ಗಡಿಯಾರದ ಗೋಪುರದ ಕೆಳಗೆ ನಿಂತು ನಾವು ಹಿಂಜೇವಾಡಿಯ ಬಸ್ಸು ಕಾಯುತ್ತೇವೆ.

ಗಾಳಿಯ ವಿಷಯಕ್ಕೆ ಬಂದರೆ 2020ರ ಜೂನ್ 3ರ 'ನಿಸರ್ಗ' ಚಂಡಮಾರುತ ನಿಮಗೂ ನೆನಪಿರಬೇಕು. ರಾಯಗಡದ ಕರಾವಳಿಯಲ್ಲಿ ದಡ ಸೇರಿದ ಬಿರುಗಾಳಿ ಪುಣೆಯಲ್ಲೂ ಮರಗಳನ್ನು ಉರುಳಿಸಿತು. ದಂಡಿನ ಪ್ರದೇಶವಾದ್ದರಿಂದ ಖಡಕಿಯಲ್ಲಿ ಹಳೆಯ ಮರಗಳು ಬಹಳ. ನಮ್ಮ ಬೀದಿಯ ತಿರುವಿನ ಮಳೆಮರವೂ ಅಂದೇ ಹೋಯಿತು. ಅದು ಮುಂಗಾರಿನ ಮುಂಚಿನ ಗಾಳಿ, ಅದರ ಮಾತು ಬೇರೆ. ನಾನು ಹೇಳಹೊರಟದ್ದು ಚಳಿಯ ಗಾಳಿ.

ಖಡಕಿಯೆಂದರೆ ಬಾಂಬೆ ಸ್ಯಾಪರ್ಸ್ ಊರು. ಸೇತುವೆ, ರಸ್ತೆ, ಸುರುಂಗಗಳ ಕೆಲಸ ಮಾಡುವ ಸೈನಿಕರು ಇಲ್ಲಿ ತಯಾರಾಗುತ್ತಾರೆ. ಸ್ವಲ್ಪ ಆಚೆ ದಿಘಿಯಲ್ಲಿ ಗಡಿ ರಸ್ತೆ ಸಂಸ್ಥೆಯ 'ಗ್ರೆಫ್' ಕೇಂದ್ರ. ಹಿಮಾಲಯದ ರಸ್ತೆಗಳನ್ನು ಮಾಡುವ, ಚಳಿಗಾಲ ಕಳೆದ ಮೇಲೆ ಹಿಮ ಕಡಿದು ತೆರೆಯುವ ಜನ ಆ ಗೇಟಿನಿಂದಲೇ ಹೋಗುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿ ಕೆಲವು ವರ್ಷ ಬಾಗಲಕೋಟೆ ಕಡೆಯ ಒಂದು ಕುಟುಂಬವಿತ್ತು. ಯಜಮಾನರು ಗ್ರೆಫ್‌ನಲ್ಲಿ ಡೋಜರ್ ಓಡಿಸುವವರು. ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾದಲ್ಲಿ, ಅಂದರೆ ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿ, ಕೆಲಸ ಮಾಡಿದ್ದರು. ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುತ್ತ ಹೇಳುತ್ತಿದ್ದರು: "ಅಕ್ಕಾರ, ರಾತ್ರಿ ಡೋಜರ್ ಬಂದ್ ಮಾಡಿದ್ರ ಮುಂಜಾನಿ ಚಾಲೂ ಆಗಂಗಿಲ್ಲರೀ. ಡೀಸೆಲ್ ಗಟ್ಟಿ ಆಗತದ. ಮೊದಲ ಅದರ ಕೆಳಗ ಬೆಂಕಿ ಮಾಡ್ಬೇಕು, ಆಮ್ಯಾಲೆ ಚಹಾ."

ರಸ್ತೆಯ ಎರಡೂ ಕಡೆ ಎರಡಂತಸ್ತಿನ ಮನೆಯಷ್ಟು ಹಿಮದ ಗೋಡೆ, ನಡುವೆ ಒಂದು ಲಾರಿ ಹೋಗುವಷ್ಟು ದಾರಿ. ಗಾಳಿ ಬೀಸಿತೆಂದರೆ ಹೊಸ ಹಿಮ ಬೀಳಬೇಕೆಂದೇ ಇಲ್ಲ, ಬಿದ್ದದ್ದೇ ಎದ್ದು ಬಂದು ಬೆಳಿಗ್ಗೆ ತೆಗೆದ ದಾರಿಯನ್ನು ಸಂಜೆಗೆ ಮುಚ್ಚುತ್ತದೆ. ಆ ಹೆಂಗಸು ಇದನ್ನೆಲ್ಲ ಕೇಳುತ್ತ ತಲೆ ಎತ್ತದೆ ರೊಟ್ಟಿ ತಟ್ಟುತ್ತಿದ್ದರು. ಮೊದಲೆಲ್ಲ ಜೋಜಿಲಾ ಚಳಿಗಾಲಕ್ಕೆ ಮುಚ್ಚಿದರೆ ಐದಾರು ತಿಂಗಳು. 2025ರಲ್ಲಿ ಬರೀ 32 ದಿನಕ್ಕೆ, ಏಪ್ರಿಲ್ 1ರಂದು, ತೆರೆಯಿತೆಂದು ಓದಿದಾಗ ನನಗೆ ನೆನಪಾದದ್ದು ಅವರೇ.

ಇನ್ನೊಂದು ಹೆಸರು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಈಗ ತಿಳಿದುಕೊಳ್ಳಿ. ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯಲ್ಲಿ, 19,600 ಅಡಿ ಎತ್ತರದಲ್ಲಿ, ಹಿಮ ಕುಸಿದು ಹತ್ತು ಜನ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹನುಮಂತಪ್ಪ, ಹಾಸನದ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ನಮ್ಮ ನೆರೆಯ ಸಾತಾರಾ ಜಿಲ್ಲೆಯ ನರ್ಸಿಂಗ್ ಅಸಿಸ್ಟೆಂಟ್ ಸುನಿಲ್ ಸೂರ್ಯವಂಶಿಯೂ ಇದ್ದರು. ಡಾಟ್, ಮಿಶಾ ಎಂಬ ಎರಡು ನಾಯಿಗಳ ಸಹಾಯದಿಂದ ಹುಡುಕುತ್ತ, ಕಲ್ಲಿನಂಥ ಹಿಮ ಕತ್ತರಿಸಿ, ಆರನೆಯ ದಿನ ಹನುಮಂತಪ್ಪನವರನ್ನು ಹೊರತೆಗೆದರು. ಜೀವ ಇತ್ತು! ದೇಶವೆಲ್ಲ ದೇವರಿಗೆ ಕೈಮುಗಿಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ನಾಲ್ಕು ದಿನ ಖಡಕಿ ಬಜಾರಿನಲ್ಲಿ ತರಕಾರಿ ತೂಗುವವನಿಂದ ಹಿಡಿದು ಎಲ್ಲರೂ ನನ್ನನ್ನು, "ತುಮ್ಚ್ಯಾ ಧಾರವಾಡ್ಚಾ ನಾ?" ಎಂದು ಕೇಳುತ್ತಿದ್ದರು. ಹೌದು ನಮ್ಮವನೇ, ಎನ್ನುತ್ತಿದ್ದೆ. ಬೆಟದೂರನ್ನು ನಾನು ನೋಡಿಲ್ಲ. ಆದರೂ ಹಾಗೆಯೇ ಅನ್ನುವುದು ಸರಿ ಎನಿಸಿತು.

ಸೈನಿಕರು ಕರ್ತವ್ಯಕ್ಕೆಂದು ಹೋಗುತ್ತಾರೆ. ನೀವು ಸಂತೋಷಕ್ಕೆಂದು ಹೋಗುವವರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಸಿಂಹಗಡ, ರಾಜಗಡ ಹತ್ತಿ ಕಾಲು ಗಟ್ಟಿಮಾಡಿಕೊಂಡ ಪುಣೆಯ ಹುಡುಗ ಹುಡುಗಿಯರಿಗೆ ಹಿಮಾಲಯದ ಆಸೆ ಸಹಜ. ಆದರೆ 2024ರ ಜೂನ್ ತಿಂಗಳ ಸುದ್ದಿಯನ್ನು ಮರೆಯಬೇಡಿ. ಉತ್ತರಾಖಂಡದ ಸಹಸ್ರತಾಲಕ್ಕೆ, ಸುಮಾರು 4,400 ಮೀಟರ್ ಎತ್ತರದ ಸರೋವರಗಳಿಗೆ, 22 ಜನರ ತಂಡ ಹೋಗಿತ್ತು: ಕರ್ನಾಟಕದ 18 ಮಂದಿ, ಮಹಾರಾಷ್ಟ್ರದ ಒಬ್ಬರು, ಮೂವರು ಸ್ಥಳೀಯ ಮಾರ್ಗದರ್ಶಕರು. ಜೂನ್ 3ರಂದು ನೋಡಿ ಮರಳುವಾಗ ಮಧ್ಯಾಹ್ನ ಹಿಮದ ಬಿರುಗಾಳಿ ಹಿಡಿಯಿತು. ಮುಂದಿನವರ ಬೆನ್ನೂ ಕಾಣದಂತಾಯಿತು. ಡೇರೆಗಳಿಗೆ ಕೆಲವೇ ತಾಸಿನ ದಾರಿ ಉಳಿದಿತ್ತು. ಬಯಲಲ್ಲೇ ಒಬ್ಬರಿಗೊಬ್ಬರು ಅಂಟಿ ಕುಳಿತು ರಾತ್ರಿ ಕಳೆಯಬೇಕಾಯಿತು. ಒಂಬತ್ತು ಜನ ಹಿಂದಿರುಗಲಿಲ್ಲ. ಹದಿಮೂರು ಜನರನ್ನು ಹೆಲಿಕಾಪ್ಟರುಗಳೂ ರಕ್ಷಣಾ ತಂಡಗಳೂ ಸೇರಿ ಉಳಿಸಿದವು. ಅವರಲ್ಲಿ ಹಲವರು ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಿಗಳು. ತಿಂಗಳು ಜೂನ್! ನಮ್ಮಲ್ಲಿ ಮಾವಿನಹಣ್ಣು ಇನ್ನೂ ಮುಗಿದಿರಲಿಲ್ಲ.

ಕೊಲ್ಲುವುದು ಹಿಮಕ್ಕಿಂತ ಹೆಚ್ಚಾಗಿ ಗಾಳಿ, ಗಾಳಿಯ ಜೊತೆ ಒದ್ದೆ ಬಟ್ಟೆ. ಸೊನ್ನೆಗಿಂತ 5 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಇಳಿಯಿತೆಂದರೆ ಅಪಾಯ. ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಆಮೇಲೆ ನಡುಕ ನಿಂತು ನಿದ್ದೆ ಬಂದಂತಾಗುತ್ತದೆ. ನಡುಕ ನಿಂತದ್ದನ್ನು ಸುಧಾರಿಸಿದ ಲಕ್ಷಣವೆಂದು ತಿಳಿಯಬೇಡಿ. ಹತ್ತಿಯ ಬಟ್ಟೆ ಒದ್ದೆಯಾದರೆ ಶಾಖವನ್ನು ಹೀರಿ ಬಿಸಾಡುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಕಾಯುತ್ತದೆ. ನಿಮ್ಮ ಜೀನ್ಸ್ ಪ್ಯಾಂಟಿನಷ್ಟು ಕೆಟ್ಟ ಬಟ್ಟೆ ಹಿಮದಲ್ಲಿ ಇನ್ನೊಂದಿಲ್ಲ. ಹೊರಡುವ ಮುಂಚೆ ಹವಾಮಾನ ಇಲಾಖೆಯ ಬುಲೆಟಿನ್ ಓದಿ. ಹಿಮಕುಸಿತದ ಮುನ್ಸೂಚನೆಯನ್ನು ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆಯವರು ಪ್ರಕಟಿಸುತ್ತಾರೆ, ಅದನ್ನೂ ನೋಡಿ. ವೆಸ್ಟರ್ನ್ ಡಿಸ್ಟರ್ಬೆನ್ಸ್ ಬರುತ್ತಿದೆಯೆಂದು ಅದರಲ್ಲಿ ಕಂಡರೆ, ಕಟ್ಟಿದ ದುಡ್ಡು ಹೋದರೂ ಒಂದು ದಿನ ಕೆಳಗಿನ ಊರಿನಲ್ಲೇ ಕೂತು ಚಹಾ ಕುಡಿಯಿರಿ.

ನಮ್ಮ ಮಗಳು ಈ ಡಿಸೆಂಬರಿನಲ್ಲಿ ಕೇದಾರಕಂಠಕ್ಕೆ ಹೊರಟಿದ್ದಾಳೆ. ಸುಮಾರು ಹನ್ನೆರಡೂವರೆ ಸಾವಿರ ಅಡಿ, ಆ ತಿಂಗಳಲ್ಲಿ ಹಿಮ ಇದ್ದೇ ಇರುತ್ತದೆ. ಅವರಪ್ಪ ಒಂದು ವಾರ ಮಾತಾಡಲಿಲ್ಲ, ಆಮೇಲೆ ತಾವೇ ಹೋಗಿ ಒಳ್ಳೆಯ ಬೂಟು ಕೊಡಿಸಿಕೊಂಡು ಬಂದರು. ನಾನು ಪಟ್ಟಿ ಹಿಡಿದು ಚೀಲ ತಪಾಸಣೆ ಮಾಡಿದ್ದೇನೆ: ಒಳಗಿನ ಉಣ್ಣೆಯ ಬಟ್ಟೆ ಎರಡು ಜೊತೆ, ಗಾಳಿ ತಡೆಯುವ ಜಾಕೀಟು, ಕೈಚೀಲಗಳು, ಟಾರ್ಚು, ಸೀಟಿ. "ಅಮ್ಮಾ, ಸೀಟಿ ಯಾಕೆ?" ಎಂದಳು. ಹಿಮದ ಗಾಳಿಯಲ್ಲಿ ಕೂಗಿದರೆ ಕೇಳಿಸುವುದಿಲ್ಲ ಮಗಳೇ, ಎಂದೆ. ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಸುವುದೊಂದು ಬಾಕಿ ಇದೆ. ಅದು ಹದಿನೈದು ದಿನ ಕೆಡುವುದಿಲ್ಲ. ಚಳಿಯಲ್ಲಿ ಇನ್ನೂ ಹೆಚ್ಚು ದಿನ ಇರುತ್ತದೆ, ಆದರೆ ಅವಳ ಗೆಳತಿಯರ ಮುಂದೆ ಅಷ್ಟು ದಿನ ಉಳಿಯುವ ಭರವಸೆ ನನಗಿಲ್ಲ.