ನ್ಯೂಯಾರ್ಕ್ ನೆಲಮಾಳಿಗೆಯಲ್ಲಿ ಹಳೇ ಹಾಡಿನ ಹೊಸ ಅವತಾರ!

ಊರು ಸುತ್ತಿದ ಕಥೆ ಹೇಳೋ ಮೊದಲು ಒಂದು ತಪ್ಪೊಪ್ಪಿಗೆ.

ಎರಡು ವರ್ಷದ ಹಿಂದಿನ ಮಾತು. ಭದ್ರಾವತಿಯಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾ. ಲೇಖನ ಬರೆದು ಬರೋ ದುಡ್ಡು ಟೀ-ಸಿಗರೇಟಿಗೇ ಸಾಲದು. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಬೇರೆ ಯಾರು ಕೆಲಸ ಕೊಡ್ತಾರೆ? ಹಾಗಾಗಿ ಆರ್ಕೆಸ್ಟ್ರಾದಲ್ಲಿ ನಿರೂಪಣೆ ನನ್ನ ಇನ್ನೊಂದು ಕಸುಬು. ಅವತ್ತು ‘ಎರಡು ಕನಸು’ ಚಿತ್ರದ ಹಾಡು ನಡೀತಿತ್ತು. 1974ರ ಚಿತ್ರ, ರಾಜನ್-ನಾಗೇಂದ್ರ ಸಂಗೀತ. ಮೈದಾನವೇ ತಲೆದೂಗುತ್ತಿದೆ. ಎರಡನೇ ಚರಣಕ್ಕೆ ಮೊದಲು ಬರೋ ಬಿಜಿಎಂನಲ್ಲಿ ನಮ್ಮ ಸ್ಯಾಕ್ಸೋಫೋನ್ ಮಾಸ್ಟರ್ ಕಣ್ಣು ಮುಚ್ಚಿದರು. ರೆಕಾರ್ಡಿನಲ್ಲಿ ಇಲ್ಲದ್ದೇನನ್ನೋ ಊದಿದರು. ಹೆಚ್ಚೆಂದರೆ ಅರ್ಧ ನಿಮಿಷ.

“ರೆಕಾರ್ಡಲ್ಲಿರೋ ಥರ ಬಾರಿಸ್ರೋ!” ಅಂತ ಮುಂದಿನ ಸಾಲಿಂದ ಕೂಗು. ಸಿಳ್ಳೆ. ಗಲಾಟೆ. ಮೈಕು ನನ್ನ ಕೈಲಿತ್ತಲ್ಲ, ನಾಲಿಗೆ ಜಾರಿಬಿಟ್ಟಿತು. “ಕ್ಷಮಿಸಿ, ಮಾಸ್ಟರ್‌ಗೆ ವಯಸ್ಸಾಯ್ತು, ಪಾಪ, ಹಾಡು ಮರೆತುಹೋಗಿದೆ!” ಅಂದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಚಪ್ಪಾಳೆ!

ಮಾಸ್ಟರ್ ಏನೂ ಅನ್ನಲಿಲ್ಲ. ಅವತ್ತಿನಿಂದ ರೆಕಾರ್ಡಿನಲ್ಲಿ ಇಲ್ಲದ ಒಂದು ಸ್ವರವನ್ನೂ ಅವರು ಊದಲಿಲ್ಲ, ಅಷ್ಟೆ.

‘ಸ್ಯಾಕ್ಸೋಫೋನ್ ಎಲ್ಲಿ ಬಾರಿಸ್ತಾರೆ ಸಾರ್?’

ಕಳೆದ ನವೆಂಬರಿನಲ್ಲಿ ಅದೃಷ್ಟ ಖುಲಾಯಿಸಿತು. ಅಮೆರಿಕದ ನ್ಯೂಜೆರ್ಸಿಯ ಕನ್ನಡಿಗರು ರಾಜ್ಯೋತ್ಸವಕ್ಕೆ ನಮ್ಮ ತಂಡವನ್ನೇ ಕರೆಸಿದರು. ಶನಿವಾರ ಕಾರ್ಯಕ್ರಮ, ಮಂಗಳವಾರ ವಿಮಾನ. ನಡುವೆ ಒಂದು ಸೋಮವಾರ ಪೂರಾ ಖಾಲಿ. ನಾನು, ಮಾಸ್ಟರ್ ಇಬ್ಬರೂ ಇಳಿದುಕೊಂಡಿದ್ದು ದಾವಣಗೆರೆ ಕಡೆಯ ಇಂಜಿನಿಯರ್ ಒಬ್ಬರ ಮನೆಯಲ್ಲಿ. “ಸ್ವಾತಂತ್ರ್ಯ ದೇವಿ ತೋರಿಸ್ಲಾ, ಟೈಮ್ಸ್ ಸ್ಕ್ವೇರ್ ತೋರಿಸ್ಲಾ?” ಅಂತ ಕೇಳಿದರು. ನಾನು ಬಾಯಿ ತೆರೆಯೋದರೊಳಗೆ ಮಾಸ್ಟರ್, “ಸಾರ್, ಇಲ್ಲಿ ಸ್ಯಾಕ್ಸೋಫೋನ್ ಎಲ್ಲಿ ಬಾರಿಸ್ತಾರೆ?” ಅಂದರು.

ಇಂಜಿನಿಯರ್ ಸಾಹೇಬರ ಮುಖ ಅರಳಿತು. ಅವರಿಗೆ ಜಾಝ್ ಹುಚ್ಚು ಅಂತ ನಮಗೆ ಗೊತ್ತಾಗಿದ್ದೇ ಆವಾಗ!

ರೈಲಿನಲ್ಲಿ ಪೆನ್ ಸ್ಟೇಷನ್‌ಗೆ ಬಂದು ಇಳಿದೆವು. ಚಳಿ ಅಂದರೆ ಅಂಥಿಂಥ ಚಳಿಯಲ್ಲ, ಮಾಸ್ಟರ್ ಮಂಕಿ ಕ್ಯಾಪ್ ಹಾಕಿಕೊಂಡೇ ನಡೆದರು. ಮೊದಲು ಹೋಗಿದ್ದು ಪಶ್ಚಿಮ 28ನೇ ಬೀದಿಗೆ. ನೋಡೋಕೆ ಏನೂ ಇಲ್ಲ, ಹಳೇ ಕಟ್ಟಡಗಳ ಸಾಲು. ಆದರೆ ಇದು ಒಂದು ಕಾಲಕ್ಕೆ ಅಮೆರಿಕದ ಹಾಡಿನ ಗಾಂಧಿನಗರ! ಹೆಸರು ‘ಟಿನ್ ಪ್ಯಾನ್ ಆಲಿ’. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಡು ಪ್ರಕಟಿಸುವ ಕಂಪನಿಗಳು ಇಲ್ಲಿ ಸಾಲಾಗಿ ಬೀಡುಬಿಟ್ಟಿದ್ದವು. ಒಂದೊಂದು ಕಿಟಕಿಯಿಂದ ಒಂದೊಂದು ಪಿಯಾನೋ. ಎಲ್ಲ ಸೇರಿದರೆ ತಗಡಿನ ಪಾತ್ರೆ ಬಡಿದ ಹಾಗೆ ಕೇಳುತ್ತಿತ್ತು ಅಂತ ಆ ಹೆಸರು. 2019ರಲ್ಲಿ ನಗರದವರು ಇಲ್ಲಿನ ಐದು ಕಟ್ಟಡಗಳನ್ನು ಸ್ಮಾರಕ ಅಂತ ಘೋಷಿಸಿದ್ದಾರೆ.

ಇಲ್ಲೇ ನನಗೆ ಒಂದು ಸತ್ಯ ಹೊಳೆದದ್ದು. ಇವರು ಮಾರುತ್ತಿದ್ದದ್ದು ರೆಕಾರ್ಡನ್ನಲ್ಲ, ಕಾಗದವನ್ನು! ರಾಗ, ಸಾಹಿತ್ಯ, ಜತೆಗೆ ಪಿಯಾನೋ ನುಡಿಸೋಕೆ ಬೇಕಾದ ಸ್ವರಲಿಪಿ ಅಚ್ಚಾಗಿರುತ್ತಿತ್ತು. ಕೊಂಡವರು ಮನೆಗೆ ಹೋಗಿ ತಮಗೆ ತಿಳಿದ ಹಾಗೆ ನುಡಿಸಿಕೊಳ್ಳಬೇಕು. ನಮ್ಮಲ್ಲಿ ಹಾಗಲ್ಲ. ನಮಗೆ ಹಾಡು ಅಂದರೆ ಆ ರೆಕಾರ್ಡೇ. ಗಾಯಕರ ಉಸಿರು, ನಡುವಿನ ಪಿಟೀಲು, ತಬಲಾ ಉರುಳಿಕೆ ಎಲ್ಲಾ ಸೇರಿದರೇನೇ ಹಾಡು. ಒಂದು ಎಳೆ ಆಚೀಚೆ ಆದರೆ “ಹಾಡು ಕೆಡಿಸಿದ” ಅಂತೀವಿ. ಅವರಿಗೆ ಹಾಡು ಕಟ್ಟಡದ ನಕ್ಷೆ, ನಮಗೆ ಕಟ್ಟಿ ಮುಗಿಸಿದ ಮನೆ!

ಇದೂ ಒಂಥರಾ ರೀಮೇಕೇ

ನಡೆಯುತ್ತಾ ಇಂಜಿನಿಯರ್ ಸಾಹೇಬರು ಜಾಝ್‌ನವರ ಗುಟ್ಟು ಬಿಡಿಸಿದರು. ಅಲ್ಲಿನ ಹಳೇ ಜನಪ್ರಿಯ ಹಾಡುಗಳಲ್ಲಿ ಬಹಳಷ್ಟು 32 ಅಳತೆಯವು. ಎಂಟೆಂಟರಂತೆ ನಾಲ್ಕು ತುಂಡು. ಒಂದನೆಯದು, ಎರಡನೆಯದು, ನಾಲ್ಕನೆಯದು ಒಂದೇ ರಾಗ; ಮೂರನೆಯದು ಮಾತ್ರ ಬೇರೆ. ರಾಗದ ಕೆಳಗೆ ಕಾರ್ಡ್‌ಗಳು, ಅಂದರೆ ನಮ್ಮ ಕೀಬೋರ್ಡಿನವರು ಎಡಗೈಲಿ ಒತ್ತಿ ಹಿಡೀತಾರಲ್ಲ, ಅದು. ಜಾಝ್‌ನವರು ಮೊದಲು ರಾಗವನ್ನು ಒಂದು ಸುತ್ತು ನುಡಿಸ್ತಾರೆ. ಆಮೇಲೆ ರಾಗ ಬಿಟ್ಟು ಕಾರ್ಡ್‌ಗಳನ್ನಷ್ಟೇ ಇಟ್ಟುಕೊಂಡು ಅದರ ಮೇಲೆ ಒಬ್ಬೊಬ್ಬರಾಗಿ ಆ ಕ್ಷಣಕ್ಕೆ ಹೊಳೆದ ಹೊಸ ರಾಗ ಕಟ್ಟುತ್ತಾ ಸುತ್ತು ಹೊಡೀತಾರೆ. ಕೊನೆಗೆ ಮತ್ತೆ ಹಳೇ ರಾಗಕ್ಕೆ ಬಂದು ಮುಗಿಸ್ತಾರೆ. ಸಿನಿಮಾ ಭಾಷೆಯಲ್ಲಿ ಹೇಳೋದಾದರೆ ಕಥೆ ಅದೇ, ಸಂಭಾಷಣೆ ಪ್ರತಿ ಆಟಕ್ಕೂ ಹೊಸದು. ಮ್ಯಾಟಿನಿಯಲ್ಲಿ ಕೇಳಿದ ಡೈಲಾಗು ಸೆಕೆಂಡ್ ಶೋನಲ್ಲಿ ಇರೋಲ್ಲ!

ಬ್ರಾಡ್‌ವೇ ಹಿಡಿದು 46ನೇ ಬೀದಿಗೆ ಬಂದೆವು. ಲಂಟ್-ಫೊಂಟಾನ್ ಅನ್ನೋ ರಂಗಮಂದಿರ. ‘ಸೌಂಡ್ ಆಫ್ ಮ್ಯೂಸಿಕ್’ ಅಂದರೆ ನಮಗೆಲ್ಲ 1965ರ ಸಿನಿಮಾ, ಬೆಟ್ಟದ ಮೇಲೆ ಜೂಲಿ ಆಂಡ್ರ್ಯೂಸ್. ಆದರೆ ಅದು ಮೊದಲು ನಾಟಕ, 1959ರ ನವೆಂಬರಿನಲ್ಲಿ ತೆರೆ ಎದ್ದಿದ್ದು ಇದೇ ಮಂದಿರದಲ್ಲಿ. ಅದರಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಅಂತ ಒಂದು ಪುಟ್ಟ ಹಾಡಿದೆ. ಒಂದೇ ವರ್ಷದೊಳಗೆ, 1960ರ ಅಕ್ಟೋಬರಿನಲ್ಲಿ ಜಾನ್ ಕೋಲ್ಟ್ರೇನ್ ಎಂಬ ಸ್ಯಾಕ್ಸೋಫೋನ್ ಮಾಂತ್ರಿಕ ಅದನ್ನು ಎತ್ತಿಕೊಂಡ. ಸಿನಿಮಾ ಬರೋಕೆ ನಾಲ್ಕು ವರ್ಷಕ್ಕೂ ಮೊದಲೇ!

ಸಾಹೇಬರು ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ನನಗೊಂದು, ಮಾಸ್ಟರ್‌ಗೊಂದು ಕಿವಿಗೆ ಕೊಟ್ಟರು. ಹೆಚ್ಚುಕಮ್ಮಿ ಹದಿನಾಲ್ಕು ನಿಮಿಷ. ಫುಟ್‌ಪಾತಿನ ಮೇಲೆ ಹಾಗೇ ನಿಂತಿದ್ದೆವು. ಮೊದಲು ಮಕ್ಕಳ ಹಾಡಿನ ಆ ಸರಳ ರಾಗ, ಮೂರು ಎಣಿಕೆಯ ತಾಳದಲ್ಲಿ. ಆಮೇಲೆ ಮೆಕಾಯ್ ಟೈನರ್‌ನ ಪಿಯಾನೋ ಎರಡೇ ಕಾರ್ಡ್ ಹಿಡಿದು ಸುತ್ತು ಹಾಕುತ್ತಾ ಹೋಗುತ್ತೆ, ನಮ್ಮ ಶ್ರುತಿ ಪೆಟ್ಟಿಗೆ ಥರ. ಅದರ ಮೇಲೆ ಕೋಲ್ಟ್ರೇನ್‌ನ ಸೊಪ್ರಾನೋ ಸ್ಯಾಕ್ಸೋಫೋನ್ ಏರುತ್ತೆ, ಅಳುತ್ತೆ, ತಿರುಗುತ್ತೆ...

“ತಮ್ಮಾ, ಇದು ನಮ್ಮ ವಾಲಗ ಕಣೋ!” ಅಂದರು ಮಾಸ್ಟರ್.

ಸುಳ್ಳಲ್ಲ. ಕೋಲ್ಟ್ರೇನ್‌ಗೆ ಭಾರತದ ಸಂಗೀತ ಅಂದರೆ ಪ್ರಾಣ. ರವಿಶಂಕರ್ ಮೇಲಿನ ಅಭಿಮಾನಕ್ಕೆ ಮಗನಿಗೆ ರವಿ ಅಂತಲೇ ಹೆಸರಿಟ್ಟ. ‘ಇಂಡಿಯಾ’ ಅಂತ ಒಂದು ಕೃತಿಯನ್ನೇ ಮಾಡಿದ. 1967ರಲ್ಲಿ ತೀರಿಕೊಂಡಾಗ ಅವನಿಗೆ ಬರೀ ನಲವತ್ತು ವರ್ಷ.

ಬೀದಿ ಇದೆ, ಸಂಗೀತ ಇಲ್ಲ

ಅಲ್ಲಿಂದ 52ನೇ ಬೀದಿ. 1930-40ರ ದಶಕಗಳಲ್ಲಿ ಇಲ್ಲಿ ಒಂದರ ಪಕ್ಕ ಒಂದು ಜಾಝ್ ಕ್ಲಬ್. ಓನಿಕ್ಸ್, ತ್ರೀ ಡ್ಯೂಸಸ್, ಫೇಮಸ್ ಡೋರ್... ಈಗ ಗಾಜು-ಕಲ್ಲಿನ ಆಫೀಸು ಕಟ್ಟಡಗಳು. ‘ಸ್ವಿಂಗ್ ಸ್ಟ್ರೀಟ್’ ಅನ್ನೋ ಹೆಸರು ಮಾತ್ರ ಉಳಿದಿದೆ. ಮೆಜೆಸ್ಟಿಕ್‌ನಲ್ಲಿ ಥಿಯೇಟರು ಒಡೆದು ಕಾಂಪ್ಲೆಕ್ಸ್ ಕಟ್ಟಿದ್ದನ್ನು ನೋಡಿದವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ.

ಚಾರ್ಲಿ ಪಾರ್ಕರ್ ಮೆರೆದದ್ದು ಈ ಬೀದಿಯಲ್ಲಿ. ಕ್ಲಿಂಟ್ ಈಸ್ಟ್‌ವುಡ್ 1988ರಲ್ಲಿ ಅವನ ಬದುಕನ್ನು ‘ಬರ್ಡ್’ ಅಂತ ಸಿನಿಮಾ ಮಾಡಿದ. ಪಾರ್ಕರ್ ಪಾತ್ರಕ್ಕೆ ಫಾರೆಸ್ಟ್ ವಿಟೇಕರ್‌ಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. 1945ರ ನವೆಂಬರ್ 26ರಂದು ಪಾರ್ಕರ್ ಸ್ಟುಡಿಯೋದಲ್ಲಿ ‘ಚೆರೋಕೀ’ ಅನ್ನೋ ಹೆಸರುವಾಸಿ ಹಾಡು ಶುರುಮಾಡಿದ. ತಕ್ಷಣ ನಿಲ್ಲಿಸಿದರು. ಯಾಕೆ? ಆ ರಾಗ ನುಡಿಸಿದರೆ ಹಾಡಿನ ಒಡೆಯರಿಗೆ ರಾಯಲ್ಟಿ ಕಟ್ಟಬೇಕು! ರಾಗಕ್ಕೆ ಹಕ್ಕುದಾರರಿದ್ದಾರೆ, ಕಾರ್ಡ್‌ಗಳಿಗೆ ಇಲ್ಲ. ಸರಿ, ರಾಗ ಕಿತ್ತೆಸೆದು, ಅದೇ ಕಾರ್ಡ್‌ಗಳ ಮೇಲೆ ಮಿಂಚಿನ ವೇಗದಲ್ಲಿ ಹೊಸದನ್ನೇ ಊದಿಬಿಟ್ಟ. ಅದೇ ‘ಕೋ-ಕೋ’. ಜಾಝ್ ಚರಿತ್ರೆಯ ಮೈಲಿಗಲ್ಲು. ಆಗ ಅವನ ವಯಸ್ಸು 25. ನಮ್ಮ ನಿಮ್ಮ ವಾರಗೆಯವನು ಕಣ್ರೀ!

ಜಿಪುಣತನದಿಂದಲೂ ಕಲೆ ಹುಟ್ಟಬಹುದು ಅಂತ ನಾನು ನಕ್ಕೆ. ಮಾಸ್ಟರ್ ನಗಲಿಲ್ಲ. “ರಾಗ ತೆಗೆದುಬಿಟ್ರೂ ಹಾಡು ನಿಲ್ಲಬೇಕಾದ್ರೆ, ಹಾಡು ಅವನಿಗೆ ಎಷ್ಟು ಬಾಯಿಪಾಠ ಇರಬೇಕು ನೋಡು” ಅಂದರು.

123 ಸೀಟಿನ ಸ್ವರ್ಗ

ಕತ್ತಲಾದ ಮೇಲೆ ಗ್ರೀನ್‌ವಿಚ್ ವಿಲೇಜಿಗೆ. ಸೆವೆಂತ್ ಅವೆನ್ಯೂ ದಕ್ಷಿಣ, 178ನೇ ನಂಬರು. ಕೆಂಪು ಬಾಗಿಲು, ಕಡಿದಾದ ಮೆಟ್ಟಿಲು, ಕೆಳಗೆ ನೆಲಮಾಳಿಗೆ. ಇದೇ ‘ವಿಲೇಜ್ ವ್ಯಾನ್‌ಗಾರ್ಡ್’. ಮ್ಯಾಕ್ಸ್ ಗಾರ್ಡನ್ 1935ರಲ್ಲಿ ಇಲ್ಲಿ ಬಾಗಿಲು ತೆರೆದರು. ಹಿಡಿಸೋದು 123 ಜನ, ನಮ್ಮೂರ ಟೆಂಟಿನ ಗಾಂಧಿಕ್ಲಾಸಿಗಿಂತ ಕಮ್ಮಿ! ಗೋಡೆ ತುಂಬ ಕಲಾವಿದರ ಫೋಟೋಗಳು. ಕಾರ್ಯಕ್ರಮ ನಡೆಯುವಾಗ ಮೊಬೈಲು ತೆಗೆಯುವಂತಿಲ್ಲ.

ಕೋಲ್ಟ್ರೇನ್ ‘ಇಂಡಿಯಾ’ ನುಡಿಸಿ ಧ್ವನಿಮುದ್ರಿಸಿದ್ದು 1961ರ ನವೆಂಬರಿನಲ್ಲಿ, ಇದೇ ಕೋಣೆಯಲ್ಲಿ. ಅದೇ ವರ್ಷ ಜೂನ್ 25, ಭಾನುವಾರ, ಬಿಲ್ ಎವಾನ್ಸ್ ಎಂಬ ಪಿಯಾನೋ ವಾದಕ ಇಬ್ಬರು ಜತೆಗಾರರೊಂದಿಗೆ ಇಲ್ಲಿ ನುಡಿಸಿದ. ಅವತ್ತಿನ ಹಾಡುಗಳಲ್ಲಿ ಒಂದು 1949ರ ‘ಮೈ ಫೂಲಿಷ್ ಹಾರ್ಟ್’ ಚಿತ್ರದ್ದು, ಇನ್ನೊಂದು ಡಿಸ್ನಿಯ 1951ರ ಕಾರ್ಟೂನ್ ಚಿತ್ರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನದು. ಸಿನಿಮಾ ಹಾಡುಗಳೇ ಸ್ವಾಮಿ! ಆ ರೆಕಾರ್ಡಿನಲ್ಲಿ ಗ್ಲಾಸು ತಾಗುವ ಸದ್ದು, ಜನ ಮಾತಾಡೋದು ಎಲ್ಲ ಕೇಳುತ್ತೆ. ಬಾಸ್ ನುಡಿಸಿದ ಹುಡುಗ ಸ್ಕಾಟ್ ಲಫಾರೋ ಜುಲೈ 6ರಂದು ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಅವನಿಗೂ 25. ಅಲ್ಲಿ ಮಾತಾಡುತ್ತಾ ಕೂತಿದ್ದವರಿಗೆ ತಾವೇನು ಕೇಳ್ತಿದ್ದೀವಿ ಅಂತ ಗೊತ್ತಿತ್ತೋ ಇಲ್ಲವೋ. ಭದ್ರಾವತಿ ನೆನಪಾಗಿ ನಾನು ತಲೆ ತಗ್ಗಿಸಿದೆ.

ಸೋಮವಾರ ಇಲ್ಲಿ ದೊಡ್ಡ ಬ್ಯಾಂಡಿನ ದಿನ. 1966ರ ಫೆಬ್ರವರಿಯಲ್ಲಿ ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಶುರುಮಾಡಿದ ಪದ್ಧತಿ. ಈಗ ‘ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ’. ಸಣ್ಣ ವೇದಿಕೆ ಮೇಲೆ ಹದಿನಾರು ಜನ ಒತ್ತಿಕೊಂಡು ಕೂತಿದ್ದರು. ನಡುರಾತ್ರಿ ಹತ್ತಿರವಾದಾಗ ‘ಬಾಡಿ ಅಂಡ್ ಸೋಲ್’ ಬಂತು. 1930ರ ಪ್ರೇಮಗೀತೆ. 1939ರಲ್ಲಿ ಕೋಲ್ಮನ್ ಹಾಕಿನ್ಸ್ ಇದನ್ನು ರೆಕಾರ್ಡ್ ಮಾಡಿದಾಗ ಮೊದಲ ಕೆಲವು ಕ್ಷಣ ಬಿಟ್ಟರೆ ಮೂಲ ರಾಗದ ಗೋಜಿಗೇ ಹೋಗಲಿಲ್ಲ. ಆದರೂ ಅದು ಹಿಟ್! ತಮಾಷೆ ಏನು ಗೊತ್ತಾ? ಆತ ಬದಲಾಯಿಸಿ ಊದಿದ್ದಕ್ಕೇ ಮುಂದೆ ಎಡ್ಡಿ ಜೆಫರ್ಸನ್ ಎಂಬ ಗಾಯಕ ಮಾತು ಜೋಡಿಸಿ ಹಾಡಿದ. ಅಂದರೆ ಆ ‘ತಪ್ಪೇ’ ಇನ್ನೊಂದು ಹಾಡಾಯಿತು!

ವೇದಿಕೆಯಲ್ಲಿ ಒಬ್ಬ ಸ್ಯಾಕ್ಸೋಫೋನಿನವನು ಎದ್ದು ನಿಂತ. ರಾಗ ಒಂದು ಸುತ್ತು ಹೇಳಿ ಕಣ್ಣು ಮುಚ್ಚಿದ. ಹಾಡು ಬಿಟ್ಟು ಹೊರಟ. ಹಿಂದಿನಿಂದ ತುತ್ತೂರಿಗಳು ಮೆಲ್ಲಗೆ ದಾರಿ ತೋರಿಸ್ತಿದ್ದವು. ಎಲ್ಲೆಲ್ಲೋ ಹೋದ. ಇನ್ನು ಮರಳೋಲ್ಲ ಅನ್ನುವಾಗ ಸರಿಯಾಗಿ ಮನೆಬಾಗಿಲಿಗೆ ಬಂದು ನಿಂತ. ಒಬ್ಬರೂ ಕೂಗಲಿಲ್ಲ. ಮುಗಿದ ಮೇಲೆ ಚಪ್ಪಾಳೆ.

ಮೆಟ್ಟಿಲು ಹತ್ತುವಾಗ ಮಾಸ್ಟರ್ ನಿಂತರು. ಜೇಬಿನ ಪರ್ಸಿನಲ್ಲಿ ಅವರು ಯಾವಾಗಲೂ ಕದ್ರಿ ಗೋಪಾಲನಾಥರ ಪಟ ಇಟ್ಟುಕೊಂಡಿರ್ತಾರೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಆ ವಿಲಾಯಿತಿ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ನಮ್ಮ ಕರಾವಳಿಯ ಧೀರ. 1994ರ ತಮಿಳು ‘ಡ್ಯುಯೆಟ್’ ಚಿತ್ರದಲ್ಲಿ ರೆಹಮಾನ್ ಸಂಗೀತಕ್ಕೆ ನುಡಿಸಿದ್ದು ಅವರೇ. 2008ರಲ್ಲಿ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಜತೆ ‘ಕಿನ್ಸ್‌ಮೆನ್’ ಆಲ್ಬಮ್ಮನ್ನೂ ಮಾಡಿದರು. 2019ರಲ್ಲಿ ತೀರಿಕೊಂಡರು. ಮಾಸ್ಟರ್ ಆ ಪಟವನ್ನೊಮ್ಮೆ ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದರು.

“ತಮ್ಮಾ... ಅವನು ಹಾಡು ಮರೆತಿರಲಿಲ್ಲ.”

ಅಷ್ಟೇ ಅಂದದ್ದು. ನನಗೆ ಮಾತೇ ಹೊರಡಲಿಲ್ಲ.

ಮತ್ತೆ ನಮ್ಮ ಮೈಕು

ಜನವರಿಯಲ್ಲಿ ಕಡೂರು ಹತ್ತಿರ ಒಂದು ಜಾತ್ರೆ. ಅದೇ ‘ಎರಡು ಕನಸು’ ಹಾಡಿನ ಸರದಿ. ನಾನು ಮೈಕು ಹಿಡಿದು ಹೇಳಿದೆ: “ಈಗಿನ ಹಾಡು ರೆಕಾರ್ಡಿನಲ್ಲಿದ್ದ ಹಾಗೆ ಇರೋಲ್ಲ. ಮಾಸ್ಟರ್ ಹಾಡು ಮರೆತಿಲ್ಲ. ಹಿಂದೊಮ್ಮೆ ಹಾಗಂದು ನಗಿಸಿದ ದಡ್ಡ ನಾನೇ. ಎರಡು ನಿಮಿಷ ಕೊಡಿ.”

ಮಾಸ್ಟರ್ ನನ್ನನ್ನು ನೋಡಿದರು. ಕಣ್ಣು ಮುಚ್ಚಿದರು.

ಎಲ್ಲರೂ ಮೆಚ್ಚಿದರು ಅಂತ ಬರೆದರೆ ಸುಳ್ಳಾಗುತ್ತೆ. ಹಿಂದಿನಿಂದ “ಡ್ಯಾನ್ಸ್ ಹಾಡು ಹಾಕ್ರೋ” ಅಂತ ಕೂಗು ಬಂತು. ಕಮಿಟಿಯವರು ಮುಖ ಗಂಟಿಕ್ಕಿದರು. ಮುಂದಿನ ಸಾಲಲ್ಲಿ ಒಂದಷ್ಟು ಹುಡುಗರು ಮಾತ್ರ “ಒನ್ಸ್ ಮೋರ್” ಅಂದರು. ವಾದ್ಯ ಒರೆಸುತ್ತಾ ಮಾಸ್ಟರ್, “ಎಷ್ಟು ಹೊತ್ತು ಊದಿದೆ ತಮ್ಮಾ?” ಅಂದರು. “ನಾಲ್ಕು ನಿಮಿಷ.” “ಜಾಸ್ತಿಯಾಯ್ತೇನೋ...” ಅಂತ ನಾಚಿಕೊಂಡರು.

ರೆಕಾರ್ಡಿನ ಮೇಲೆ ನಮಗಿರೋ ಪ್ರೀತಿ ಸುಳ್ಳಲ್ಲ ಗೆಳೆಯರೇ, ನಾನೂ ನಿಮ್ಮ ಜಾತಿಯವನೇ. ಆದರೂ ಮುಂದಿನ ಸಲ ನಿಮ್ಮೂರಿನ ಆರ್ಕೆಸ್ಟ್ರಾದಲ್ಲಿ ಯಾರಾದರೂ ಬಿಜಿಎಂ ನಡುವೆ ಕಣ್ಣು ಮುಚ್ಚಿದರೆ, ಸಿಳ್ಳೆಯನ್ನು ಅರ್ಧ ನಿಮಿಷ ಬಾಯಲ್ಲೇ ಇಟ್ಟುಕೊಳ್ಳಿ. ಹಾಡು ವಾಪಸ್ ಬಂದ ಮೇಲೆ ಎಷ್ಟು ಬೇಕಾದರೂ ಹೊಡೀರಿ!