ವಿಮಾನದ ಜಾತ್ರೆಗೆ ಹೊರಟ ಮೊಮ್ಮಗಳು

ಕಾಲುಚೀಲ ಎಷ್ಟು ಜೊತೆ ಬೇಕು ಎಂಬ ಒಂದೇ ಒಂದು ವಿಷಯದ ಮೇಲೆ ಒಂದು ಸಂಸಾರ ಎಷ್ಟು ಹೊತ್ತು ಚರ್ಚೆ ಮಾಡಬಹುದು, ಹೇಳಿ ನೋಡೋಣ? ಹತ್ತು ನಿಮಿಷ ಅಂತೀರಿ. ಶಿಕಾಗೋ ಪಕ್ಕದಲ್ಲಿರುವ ನಮ್ಮ ಮಗಳ ಮನೆಯಲ್ಲಿ ಅದು ಬೆಳಗಿನ ಕಾಫಿಗೆ ಶುರುವಾಗಿ ರಾತ್ರಿ ಮೊಸರನ್ನದ ಹೊತ್ತಿಗೂ ಮುಗಿದಿರಲಿಲ್ಲ. ಮಗಳು ಎಂಟು ಜೊತೆ ಅಂದಳು. ಅಳಿಯಂದಿರು, ಅಲ್ಲಿ ಒಗೆಯುವುದಕ್ಕೆ ಏನಾದರೂ ವ್ಯವಸ್ಥೆ ಇದ್ದೇ ಇರುತ್ತೆ, ಆರು ಸಾಕು ಅಂದರು. ನಮ್ಮಾಕೆ, ಇಪ್ಪತ್ತಾದರೂ ಬೇಡವೇ ಎಂದವಳೇ ನನ್ನ ಪೆಟ್ಟಿಗೆಯಿಂದಲೂ ನಾಲ್ಕು ಜೊತೆ ತಂದಿಟ್ಟಳು. ಇಷ್ಟೆಲ್ಲ ಯಾರ ಕಾಲಿಗೋ ಆ ಮೊಮ್ಮಗಳು ಮಾತ್ರ ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಪೋಣಿಸುತ್ತಿದ್ದಳು.

ಹೊರಟಿದ್ದದ್ದು ಬಲು ದೂರಕ್ಕೇನಲ್ಲ. ವಿಸ್ಕಾನ್ಸಿನ್ ರಾಜ್ಯದ ಓಶ್‌ಕಾಶ್ ಎಂಬ ಊರಿಗೆ, ಕಾರಿನಲ್ಲಿ ಮೂರು ಗಂಟೆ ದಾರಿ. ಬೆಂಗಳೂರಿನಲ್ಲಿ ಶುಕ್ರವಾರ ಸಂಜೆ ಮೆಜೆಸ್ಟಿಕ್‌ನಿಂದ ಹೊರಟರೆ ಅಷ್ಟು ಹೊತ್ತಿಗೆ ತುಮಕೂರು ದಾಟುವುದೇ ಕಷ್ಟ, ಅದು ಬೇರೆ ಮಾತು. ಅಲ್ಲಿ ಜುಲೈ ಕೊನೆಯಲ್ಲಿ ಏರ್‌ವೆಂಚರ್ ಎಂಬ ವಿಮಾನ ಮೇಳ ನಡೆಯುತ್ತದೆ. ಅದಕ್ಕೆ ಸಿವಿಲ್ ಏರ್ ಪೆಟ್ರೋಲ್‌ನ ಕೆಡೆಟ್ ಮಕ್ಕಳನ್ನು ಆರಿಸಿ ಕರೆಸಿಕೊಳ್ಳುತ್ತಾರೆ. ನಮ್ಮ ಹುಡುಗಿ ಹೊರಟ ಈ ಶಿಬಿರದ ಹೆಸರು ನ್ಯಾಷನಲ್ ಬ್ಲೂ ಬೆರೆಟ್. ಸುಮಾರು ಎರಡು ವಾರ ದುಡಿದು ಮುಗಿಸಿದವರಿಗೆ ಕೊನೆಯಲ್ಲಿ ನೀಲಿ ಬೆರೆಟ್ ಟೋಪಿ ಸಿಗುತ್ತದೆ. ಟೋಪಿಗಾಗಿ ಎರಡು ವಾರವೇ ಎಂದು ನಗಬೇಡಿ. ನಮ್ಮಲ್ಲಿ ಒಂದು ಶಾಲು, ಒಂದು ಗಂಧದ ಹಾರಕ್ಕೆ ಜನ ಎಷ್ಟೆಷ್ಟು ವರ್ಷ ಓಡಾಡುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಈ ಸಿವಿಲ್ ಏರ್ ಪೆಟ್ರೋಲ್ ಹುಟ್ಟಿದ್ದು 1941ರ ಡಿಸೆಂಬರ್ 1ರಂದು. ಅದಾಗಿ ಆರನೆಯ ದಿನಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. ಮನೆಯಲ್ಲಿ ಪುಟ್ಟ ವಿಮಾನ ಇಟ್ಟುಕೊಂಡಿದ್ದ ಸಾಮಾನ್ಯ ಜನ (ಹೌದು, ನಮ್ಮಲ್ಲಿ ಲೂನಾ ಇಟ್ಟುಕೊಳ್ಳುತ್ತಿದ್ದಷ್ಟು ಸಲೀಸಾಗಿ ಅಲ್ಲದಿದ್ದರೂ, ಅಲ್ಲಿ ಅಂಥವರು ಇದ್ದರು) ಕಡಲ ಕರೆಯುದ್ದಕ್ಕೂ ಹಾರಿ ಶತ್ರುಗಳ ಜಲಾಂತರ್ಗಾಮಿ ಹುಡುಕಿದರು. ಈಗ ಅದು ಅಮೆರಿಕದ ವಾಯುಪಡೆಯ ಸಹಾಯಕ ದಳ. ಕಾಣೆಯಾದ ವಿಮಾನ ಹುಡುಕುವುದು, ನೆರೆ ಬಂದಾಗ ಮೇಲಿಂದ ಫೋಟೊ ತೆಗೆಯುವುದು, ಮಕ್ಕಳಿಗೆ ವಿಮಾನದ ಹುಚ್ಚು ಹಿಡಿಸುವುದು ಅದರ ಕೆಲಸ. ಹನ್ನೆರಡಕ್ಕೆ ಸೇರಬಹುದು, ಇಪ್ಪತ್ತೊಂದು ತುಂಬುವ ತನಕ ಕೆಡೆಟ್ ಆಗಿರಬಹುದು. ವಾರಕ್ಕೊಂದು ಸಂಜೆ ಪರೇಡು, ಪಾಠ, ಪರೀಕ್ಷೆ. ಮೆಟ್ಟಿಲು ಹತ್ತಿದ ಹಾಗೆಲ್ಲ ರೈಟ್ ಸೋದರರ ಹೆಸರಿನ ಪದಕ, ಅಮೇಲಿಯಾ ಇಯರ್‌ಹಾರ್ಟ್ ಹೆಸರಿನ ಪದಕ. ನಮ್ಮ ಎನ್‌ಸಿಸಿ ಏರ್ ವಿಂಗ್‌ಗೆ ದಾಯಾದಿ ಅಂದುಕೊಳ್ಳಿ.

ಎನ್‌ಸಿಸಿ ಅಂದಮೇಲೆ ಸುಮ್ಮನೆ ಮುಂದಕ್ಕೆ ಹೋಗಲಾದೀತೆ? ನಾನೂ ಒಂದು ಕಾಲದ ಏರ್ ವಿಂಗ್ ಕೆಡೆಟ್ಟೇ. ಹಳ್ಳಿಯಿಂದ ಬೆಂಗಳೂರಿನ ಕಾಲೇಜಿಗೆ ಬಂದಿದ್ದ ನಮಗೆ ಇಂಗ್ಲಿಷೇ ತಡವರಿಸುತ್ತಿದ್ದಾಗ, ಉಸ್ತಾದರು ಹಿಂದಿಯಲ್ಲಿ ‘ದಾಹಿನೇ ಮುಡ್’ ಎಂದು ಗುಡುಗುತ್ತಿದ್ದರು. ಅರ್ಧ ಸಾಲು ಎಡಕ್ಕೆ ತಿರುಗುತ್ತಿತ್ತು, ಅರ್ಧ ಸಾಲು ಬಲಕ್ಕೆ, ಮೂಗಿಗೆ ಮೂಗು. ಪರೇಡು ಮುಗಿದ ಮೇಲೆ ಸಿಗುತ್ತಿದ್ದ ಉಪ್ಪಿಟ್ಟು ಬಾಳೆಹಣ್ಣಿಗೆ ಮಾತ್ರ ಯಾವ ಭಾಷೆಯಲ್ಲಿ ಕರೆದರೂ ಸಾಲು ನೆಟ್ಟಗೆ ನಿಲ್ಲುತ್ತಿತ್ತು. ಹಿಂದಿನ ರಾತ್ರಿಯೆಲ್ಲ ಬೂಟಿನ ಸೇವೆ. ಚೆರಿ ಬ್ಲಾಸಮ್ ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಹನಿ ನೀರು, ಅದಕ್ಕೆ ಅದ್ದಿದ ಹತ್ತಿ ಉಂಡೆ, ಬೂಟಿನ ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು. ಮುಖ ಕಾಣಬೇಕು ಅನ್ನುವುದು ನಿಯಮ. ನನ್ನ ಮುಖ ಕಂಡೂ ಏನು ಪ್ರಯೋಜನವಾಯಿತೋ ತಿಳಿಯದು.

ಆ ಅನುಭವದ ಬಲದಿಂದ ಮೊಮ್ಮಗಳ ಬೂಟು ಕೈಗೆತ್ತಿಕೊಂಡು, “ಪಾಲಿಶ್ ಎಲ್ಲಮ್ಮಾ?” ಎಂದೆ. “ಇದಕ್ಕೆ ಪಾಲಿಶ್ ಹಾಕಿದ್ರೆ ಹಾಳಾಗತ್ತೆ ತಾತ, ಸ್ವೀಡ್ ಲೆದರ್” ಅಂದಳು. ಒರಟು ಚರ್ಮದ, ಹಸಿರು ಬೂದಿ ಬಣ್ಣದ ಬೂಟು. ಅದಕ್ಕೆ ಬೇಕಾದದ್ದು ಪಾಲಿಶ್ ಅಲ್ಲ, ಪಳಗಿಸುವಿಕೆ. ಹೊಸ ಬೂಟು ಹಾಕಿಕೊಂಡು ನೇರ ಮೈದಾನಕ್ಕಿಳಿದರೆ ಎರಡನೇ ದಿನಕ್ಕೆ ಹಿಮ್ಮಡಿ ಬೊಬ್ಬೆ ಏಳುತ್ತದೆ. ಆದ್ದರಿಂದ ತಿಂಗಳಿಗೆ ಮುಂಚೆಯೇ ಬೂಟು ಕಾಲಿಗೇರಿತ್ತು. ಊಟಕ್ಕೆ ಬೂಟು, ಓದುವುದಕ್ಕೆ ಬೂಟು, ಟೀವಿ ಮುಂದೆಯೂ ಬೂಟು. ದೇವರ ಮನೆಯ ಹೊಸ್ತಿಲ ಹತ್ತಿರ ಬಂದಾಗ ಮಾತ್ರ ನಮ್ಮಾಕೆಯ ಗಂಟಲು ಕೇಳುತ್ತಿತ್ತು. ನಮ್ಮ ಉಸ್ತಾದರದ್ದು ಏನೂ ಅಲ್ಲ ಆ ಗಂಟಲಿನ ಮುಂದೆ.

ಅಂದ ಹಾಗೆ ಮೇಳದ ಮಾತು ಅಲ್ಲೇ ಉಳಿಯಿತು. ವಿಮಾನವನ್ನು ಮನೆಯಲ್ಲೇ ಕಟ್ಟುವ ಹುಚ್ಚರ ಸಂಘವೊಂದು 1953ರಲ್ಲಿ ಮಿಲ್ವಾಕಿಯಲ್ಲಿ ಶುರುವಾಯಿತು. ಕಟ್ಟಿದಾತ ಪಾಲ್ ಪೊಬೆರೆಜ್ನಿ. ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅಂತ ಅದರ ಹೆಸರು. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ, ಹೆಂಡತಿಯ ಕಣ್ತಪ್ಪಿಸಿ, ರೆಕ್ಕೆಗೆ ಬಟ್ಟೆ ಹೊಲಿದು ಅಂಟಿಸಿಕೊಂಡು ಕೂರುವ ಮಂದಿ. ಅವರ ವಾರ್ಷಿಕ ಕೂಟ 1970ರಿಂದ ಓಶ್‌ಕಾಶ್‌ನಲ್ಲೇ ನೆಲೆಯೂರಿದೆ. ಊರಿನ ಜನಸಂಖ್ಯೆ 70 ಸಾವಿರ ಮುಟ್ಟುವುದಿಲ್ಲ. ಆ ಒಂದು ವಾರದಲ್ಲಿ ಬಂದುಹೋಗುವವರು ಆರು ಲಕ್ಷಕ್ಕೂ ಮೇಲೆ, ವಿಮಾನಗಳು ಹತ್ತು ಸಾವಿರದಷ್ಟು. ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ಗಾಡಿಯ ಕೆಳಗೇ ಒಲೆ ಹೂಡಿ ಮಲಗುತ್ತಿದ್ದರಲ್ಲ ನಮ್ಮ ರೈತರು, ಹಾಗೆ ಇವರೂ ವಿಮಾನದ ರೆಕ್ಕೆಯ ನೆರಳಿಗೆ ಡೇರೆ ಹಾಕುತ್ತಾರೆ.

ಇಷ್ಟು ವಿಮಾನ ಇಳಿಯುವುದಾದರೂ ಹೇಗೆ ಅಂತೀರಾ? ಅಳಿಯಂದಿರು ಅದನ್ನು ನನಗೆ ಪಡುವಲಕಾಯಿ ಹೆಚ್ಚುತ್ತ ಹೇಳಿದರು. ರಿಪನ್ ಎಂಬ ಊರಿನಿಂದ ರೈಲು ಹಳಿಯನ್ನು ಹಿಡಿದುಕೊಂಡು, 1,800 ಅಡಿ ಎತ್ತರದಲ್ಲಿ, 90 ನಾಟ್ ವೇಗದಲ್ಲಿ, ಒಂದರ ಹಿಂದೆ ಒಂದು ಅರ್ಧ ಮೈಲಿ ಬಿಟ್ಟು ಬರಬೇಕು. ಫಿಸ್ಕ್ ಎಂಬ ಪುಟ್ಟ ಹಳ್ಳಿಯ ನೆತ್ತಿಗೆ ಬಂದಾಗ ಕೆಳಗೆ ನಿಂತ ಅಧಿಕಾರಿಗಳು ದುರ್ಬೀನು ಹಿಡಿದು ನೋಡಿ, ‘ಹಳದಿ ವಿಮಾನದವರೇ, ರೆಕ್ಕೆ ಅಲ್ಲಾಡಿಸಿ’ ಅನ್ನುತ್ತಾರೆ. ಪೈಲಟ್ ಬಾಯಿ ತೆರೆಯುವಂತಿಲ್ಲ. ರೆಕ್ಕೆ ಅಲ್ಲಾಡಿಸಿದರೆ ‘ಕೇಳಿಸಿತು’ ಎಂದರ್ಥ. ರನ್‌ವೇ ಮೇಲೆ ಬಣ್ಣಬಣ್ಣದ ದೊಡ್ಡ ಚುಕ್ಕೆ. ಒಬ್ಬನಿಗೆ ಹಸಿರು ಚುಕ್ಕೆಗೆ ಇಳಿ, ಹಿಂದೆಯೇ ಬರುವವನಿಗೆ ಕಿತ್ತಳೆ ಚುಕ್ಕೆಗೆ ಇಳಿ. ಒಂದೇ ರನ್‌ವೇ ಮೇಲೆ ಒಟ್ಟೊಟ್ಟಿಗೆ! ಆ ವಾರ ಜಗತ್ತಿನಲ್ಲೇ ಅತಿ ಹೆಚ್ಚು ಬಿಡುವಿಲ್ಲದ ಕಂಟ್ರೋಲ್ ಟವರ್ ಅದೇ. ಎಲ್ಲರೂ ಬಾಯಿ ಮುಚ್ಚಿಕೊಂಡು ತಲೆಯಾಡಿಸುವ ಈ ಪದ್ಧತಿಯನ್ನು ನಮ್ಮ ಅಪಾರ್ಟ್‌ಮೆಂಟಿನ ಮಹಾಸಭೆಗೂ ತರಬಾರದೇಕೆ ಅನ್ನಿಸಿತು ನನಗೆ.

ಇಳಿದ ಮೇಲೆ ಅವನ್ನು ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಬೇಕಲ್ಲ, ಆ ಕೆಲಸದಲ್ಲಿ ಕೆಡೆಟ್‌ಗಳಿಗೂ ಪಾಲಿದೆ. ಕೈಸನ್ನೆಯಲ್ಲಿ ವಿಮಾನ ನಡೆಸಬೇಕು. ಎರಡೂ ತೋಳು ಮೇಲೆತ್ತಿ ಹಿಂದಕ್ಕೆ ಬೀಸಿದರೆ ಬಾ. ತಲೆಯ ಮೇಲೆ ಕೈ ಅಡ್ಡಡ್ಡ ಕಟ್ಟಿದರೆ ನಿಲ್ಲು. ಅಂಗೈಯನ್ನು ಕುತ್ತಿಗೆಗೆ ಅಡ್ಡ ಎಳೆದರೆ ಎಂಜಿನ್ ಆರಿಸು. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ, ಅದರ ಹತ್ತಿರ ಸುಳಿಯಬಾರದು ಎಂಬುದು ಮೊದಲ ಪಾಠವೂ ಹೌದು, ಕೊನೆಯ ಪಾಠವೂ ಹೌದು. ಮನೆಯಲ್ಲಿ ಅಭ್ಯಾಸಕ್ಕೆ ವಿಮಾನ ಎಲ್ಲಿಂದ ಬರಬೇಕು? ಸಂಜೆ ಅಪ್ಪ ಆಫೀಸಿನಿಂದ ಬರುತ್ತಿದ್ದಂತೆ ಗ್ಯಾರೇಜಿನ ಮುಂದೆ ನಿಂತು ಕಾರನ್ನೇ ವಿಮಾನ ಮಾಡಿಕೊಂಡಳು. ಕುತ್ತಿಗೆಗೆ ಕೈ ಎಳೆದು ತೋರಿಸಿದ್ದನ್ನು ನೋಡಿ ಎದುರು ಮನೆಯ ಮುದುಕಮ್ಮ ನಮ್ಮ ಮಗಳಿಗೆ ಫೋನ್ ಮಾಡಿ, “ಎಲ್ಲ ಕ್ಷೇಮ ತಾನೆ?” ಎಂದು ವಿಚಾರಿಸಿದರು.

ನನಗೋ ಅದನ್ನು ನೋಡುತ್ತ ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರುಗಳ ನೆನಪು. ಬಸ್ಸು ರಿವರ್ಸ್ ತೆಗೆಯುವಾಗ ಹಿಂದೆ ಇಳಿದು ನಿಂತು, ಟಿಕೆಟ್ ಚೀಲವನ್ನು ಕಂಕುಳಿಗೆ ಒತ್ತಿಕೊಂಡು, ‘ಬರ್ಲಿ ಬರ್ಲಿ ಬರ್ಲಿ... ಹೋಲ್ಡಾನ್!’ ಎಂದು ಬಸ್ಸಿನ ಬೆನ್ನಿಗೆ ಎರಡು ಏಟು ಬಾರಿಸುತ್ತಾರಲ್ಲ, ಅದರಲ್ಲಿ ಯಾವ ಗೊಂದಲವೂ ಇಲ್ಲ. “ವಿಮಾನಕ್ಕೆ ಹಾಗೆ ಬಾರಿಸಬಹುದಾ?” ಅಂತ ಕೇಳಿದೆ. “ತಾತ, ಅವರ ವಿಮಾನ ಮುಟ್ಟೋ ಹಾಗೇ ಇಲ್ಲ” ಅಂದಳು. ಮೂವತ್ತು ವರ್ಷ ಕೂತು ಕೈಯಾರೆ ಕಟ್ಟಿದವರಂತೆ. ಬೆರಳ ಗುರುತು ಬಿದ್ದರೂ ಜೀವ ಹೋಗುತ್ತದಂತೆ. ಇರಲಿ.

ಅವಳಿಗೆ ಭಯ ಇದ್ದದ್ದು ಬಾಲಕ್ಕೆ ಚಕ್ರ ಇರುವ ಹಳೇ ವಿಮಾನಗಳದ್ದು. ನೆಲದ ಮೇಲಿದ್ದಾಗ ಅವುಗಳ ಮೂತಿ ಆಕಾಶಕ್ಕೆ ಎತ್ತಿರುತ್ತದೆ. ಒಳಗೆ ಕೂತವನಿಗೆ ಎದುರು ನಿಂತವರು ಕಾಣುವುದೇ ಇಲ್ಲ. ಹಾವಿನ ಹಾಗೆ ಅತ್ತಿತ್ತ ಸರಿಯುತ್ತ, ಪಕ್ಕದ ಕಿಟಕಿಯಲ್ಲಿ ಇಣುಕುತ್ತ ಬರಬೇಕು. ಸನ್ನೆ ಮಾಡುವವರು ಅವನ ಕಣ್ಣಿಗೆ ಬೀಳುವ ಕಡೆ ಹೋಗಿ ನಿಲ್ಲಬೇಕು. ಇಲ್ಲಿ ನನ್ನ ಗಂಟಲು ತೆರೆಯಿತು ನೋಡಿ. ಜಕ್ಕೂರು ವಿಮಾನ ಮೈದಾನದ ಹುಲ್ಲಿನ ಮೇಲೆ ನಾನು ಮೊದಲು ಮುಟ್ಟಿ ನೋಡಿದ ವಿಮಾನವೂ ಬಾಲಚಕ್ರದ್ದೇ, ಪುಷ್ಪಕ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಕಟ್ಟಿದ್ದು, 1958ರಲ್ಲಿ ಮೊದಲು ಹಾರಿದ್ದು. ರೆಕ್ಕೆ ತಲೆಯ ಮೇಲೆ, ಇಬ್ಬರಿಗೆ ಅಕ್ಕಪಕ್ಕ ಸೀಟು, ಮೈಗೆಲ್ಲ ಬಟ್ಟೆಯ ಹೊದಿಕೆ. ಬೆರಳಿನಿಂದ ತಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು. ರಾವಣ ಕುಬೇರನಿಂದ ಕಿತ್ತುಕೊಂಡ ಪುಷ್ಪಕಕ್ಕೆ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತಂತೆ. ಎಚ್‌ಎಎಲ್‌ನ ಪುಷ್ಪಕದಲ್ಲಿ ಇಬ್ಬರು ಕೂತರೆ ಮೊಣಕೈ ಎಲ್ಲಿಡುವುದು ಎಂಬುದೇ ಸಮಸ್ಯೆ. ಈ ಪುರಾಣವನ್ನೆಲ್ಲ ಕೇಳಿದ ಮೊಮ್ಮಗಳು ಫೋನಿನಲ್ಲಿ ಏನೋ ಒತ್ತಿ, “ತಾತ, ನಿಮ್ಮ ಪುಷ್ಪಕ ನಮ್ಮ ಏರೋಂಕಾ ಚೀಫ್ ಡಿಸೈನು” ಅಂದುಬಿಟ್ಟಳು. ನಿಜವೇ. ಅಮೆರಿಕದ ಆ ಹಳೇ ವಿಮಾನದ ಮೇಲೆಯೇ ನಮ್ಮದರ ವಿನ್ಯಾಸ ನಿಂತಿರುವುದು. ಅರ್ಧ ಶತಮಾನ ಎದೆಯುಬ್ಬಿಸಿ ಹೇಳಿಕೊಂಡು ಬಂದದ್ದಕ್ಕೆ ಹೀಗೆ ಅಡುಗೆಮನೆ ಬಾಗಿಲಲ್ಲಿ ಪಿನ್ನು ಚುಚ್ಚಿಸಿಕೊಳ್ಳಬೇಕಾಯಿತು.

ಕೆಡೆಟ್‌ಗಳದ್ದು ಇನ್ನೂ ಒಂದು ಕೆಲಸವಿದೆ, ನನಗೆ ಬಹಳ ಹಿಡಿಸಿದ್ದು. ವಿಮಾನ ಬಿದ್ದರೆ ತಾನಾಗಿಯೇ ರೇಡಿಯೋದಲ್ಲಿ ಕೂಗಿಕೊಳ್ಳುವ ಪೆಟ್ಟಿಗೆಯೊಂದು ಅದರೊಳಗೆ ಇರುತ್ತದೆ. ಸ್ವಲ್ಪ ಕುಕ್ಕಿ ಇಳಿಸಿದರೂ ಸಾಕು, ಬಿದ್ದೇಹೋಯಿತೆಂದು ಭಾವಿಸಿ ಕೂಗುವುದಕ್ಕೆ ಶುರು ಮಾಡುತ್ತದೆ. ಹಳೆಯ ಪೆಟ್ಟಿಗೆಗಳದ್ದು 121.5 ಮೆಗಾಹರ್ಟ್ಸ್, 2009ರ ಫೆಬ್ರುವರಿಯಿಂದ ಉಪಗ್ರಹಗಳು ಆ ಕೂಗಿಗೆ ಕಿವಿಗೊಡುವುದನ್ನೇ ಬಿಟ್ಟಿವೆ. ಸಾವಿರಾರು ವಿಮಾನಗಳ ನಡುವೆ ಯಾವುದರ ಹೊಟ್ಟೆಯಲ್ಲಿ ಪೆಟ್ಟಿಗೆ ಅಳುತ್ತಿದೆ ಎಂದು ಮಕ್ಕಳು ಆಂಟೆನಾ ಹಿಡಿದು ಹುಡುಕಬೇಕು. ಆಂಟೆನಾ ಇಲ್ಲದಿದ್ದರೂ ಉಪಾಯವಿದೆ. ಕೈ ರೇಡಿಯೋವನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ನಿಧಾನ ಸುತ್ತಬೇಕು. ಯಾವ ದಿಕ್ಕಿಗೆ ಮುಖ ಮಾಡಿದಾಗ ಸದ್ದು ಕುಗ್ಗುತ್ತದೋ, ಪೆಟ್ಟಿಗೆ ಅದಕ್ಕೆ ಸರಿಯಾಗಿ ಬೆನ್ನ ಹಿಂದೆ. ನಮ್ಮ ಮೈಯೇ ಅಡ್ಡ ಬಂದು ಸದ್ದನ್ನು ತಡೆದಿರುತ್ತದೆ. ಬರಿಗೈಯಲ್ಲೇ ಹಾಲಿನ ಮಧ್ಯೆ ಸುತ್ತಿ ತೋರಿಸುತ್ತಿದ್ದವಳನ್ನು ನೋಡಿ ನಮ್ಮಾಕೆ, “ತಲೆ ತಿರುಗುತ್ತೆ, ಕೂತ್ಕೊಳೇ” ಎಂದು ಮಜ್ಜಿಗೆ ತಂದುಕೊಟ್ಟಳು.

ನಮ್ಮಾಕೆಗೆ ಸಮಾಧಾನವೇ ಇರಲಿಲ್ಲ ಪಾಪ. ವಿಮಾನಗಳು ಲಾಗ ಹಾಕುವ ಮಧ್ಯಾಹ್ನದ ಹೊತ್ತಿನಲ್ಲೂ ಕೆಲಸಕ್ಕೆ ಹಚ್ಚಿದ ಮಕ್ಕಳು ಎಷ್ಟೋ ಸಲ ಜನರ ಕಡೆ ಮುಖ ಮಾಡಿ, ಆಟಕ್ಕೆ ಬೆನ್ನು ಹಾಕಿ ನಿಲ್ಲಬೇಕಾಗುತ್ತದೆ ಎಂದು ಕೇಳಿದ ಮೇಲಂತೂ, “ದುಡ್ಡು ಕಟ್ಟಿ ಹೋಗಿ ಬಿಸಿಲಲ್ಲಿ ನಿಂತು, ನೋಡೋದೂ ಇಲ್ವಾ?” ಎಂದು ನನ್ನನ್ನೇ ಗದರಿದಳು. ಆ ಸಂಕಟವೆಲ್ಲ ಚಟ್ನಿಪುಡಿಯ ಡಬ್ಬಿಯಾಗಿ, ಕೋಡುಬಳೆಯ ಪೊಟ್ಟಣವಾಗಿ ಟ್ರಂಕು ಸೇರಿತು. ಶಿಬಿರದವರ ಪಟ್ಟಿಯಲ್ಲಿ ತಿಂಡಿ ತರಬೇಡಿ ಎಂದಿತ್ತು, ಮೊಮ್ಮಗಳು ತೆಗೆದಿಟ್ಟಳು, ಅಜ್ಜಿ ಮಳೆಕೋಟಿನ ಮಡಿಕೆಯಲ್ಲಿ ಮತ್ತೆ ಸೇರಿಸಿದಳು. “ಅಲ್ಲಿ ಬರೀ ಸಾಸೇಜು ಸುಡ್ತಾರಂತೆ, ಮಗು ಏನು ತಿನ್ನಬೇಕು?” ವಿಸ್ಕಾನ್ಸಿನ್ನಿನಲ್ಲಿ ಬ್ರಾಟ್‌ವರ್ಸ್ಟ್ ಎಂಬ ಸಾಸೇಜು ಇಲ್ಲದೆ ಮೇಳವೇ ಇಲ್ಲ, ನಿಜ. ನಮ್ಮ ಯಲಹಂಕದಲ್ಲಿ ಇದಕ್ಕೆ ತದ್ವಿರುದ್ಧ. 1996ರಲ್ಲಿ ಶುರುವಾದ ಏರೋ ಇಂಡಿಯಾ ವಿಮಾನ ಪ್ರದರ್ಶನ ವರ್ಷ ಬಿಟ್ಟು ವರ್ಷ ಫೆಬ್ರುವರಿಯಲ್ಲಿ ಬಂತೆಂದರೆ ವಾಯುನೆಲೆಯ ಸುತ್ತಮುತ್ತ ಮಾಂಸದಂಗಡಿ ಮುಚ್ಚಿ ಎಂದು ಪಾಲಿಕೆಯ ಆದೇಶ ಹೊರಡುತ್ತದೆ. ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ಬಿರಿಯಾನಿಗೂ ಲಾಗ ಹಾಕುವ ಸೂರ್ಯಕಿರಣ ವಿಮಾನ ತಂಡಕ್ಕೂ ಹೀಗೊಂದು ನಂಟು ಇರುತ್ತದೆಂದು ಯಾರು ಅಂದುಕೊಂಡಿದ್ದರು?

ಮಳೆಕೋಟು ಅಂದೆನಲ್ಲ, ಅದನ್ನು ಹಗುರವಾಗಿ ಎಣಿಸಬೇಡಿ. 2010ರಲ್ಲಿ ಮೇಳಕ್ಕೆ ಮುಂಚೆ ಸುರಿದ ಮಳೆಗೆ ಓಶ್‌ಕಾಶ್ ಮೈದಾನ ಕೆಸರುಗದ್ದೆಯಾಗಿ, ಹುಲ್ಲಿನ ಮೇಲೆ ವಿಮಾನ ನಿಲ್ಲಿಸುವುದೇ ಕಷ್ಟವಾಗಿತ್ತು. ಈ ಸುದ್ದಿಯನ್ನು ಅಳಿಯಂದಿರು ಯಾಕೆ ಹೇಳಿದರೋ, ಕಾಲುಚೀಲದ ಲೆಕ್ಕ ಮತ್ತೆ ಮೊದಲಿಂದ ಶುರುವಾಯಿತು. ಕೊನೆಗೆ ಹನ್ನೆರಡಕ್ಕೆ ರಾಜಿ.

ಬೇಸಿಗೆಗೆ ಮಕ್ಕಳ ಮನೆಗೆಂದು ನೀವೂ ಆ ಕಡೆ ಹೋಗುವವರಾದರೆ, ಜುಲೈ ಕೊನೆಯ ವಾರ ಬಿಡುವು ಮಾಡಿಕೊಂಡು ಓಶ್‌ಕಾಶ್‌ಗೆ ಒಂದು ದಿನ ಹೋಗಿಬನ್ನಿ. ಹಳೇ ವಿಮಾನಗಳ ಸಾಲಿನಲ್ಲಿ ಏರೋಂಕಾ ಕಂಡರೆ ಹತ್ತಿರ ಹೋಗಿ ನೋಡಿ, ಕೈ ಮಾತ್ರ ಹಿಂದೆ ಕಟ್ಟಿಕೊಳ್ಳಿ. ಮೊಮ್ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಈಚಿನ ವರ್ಷಗಳಲ್ಲಿ ಹದಿನೆಂಟರವರೆಗಿನ ಮಕ್ಕಳಿಗೆ ಪ್ರವೇಶ ಬಿಟ್ಟಿ, ಟಿಕೆಟ್ ನಮ್ಮಂಥ ಮುದುಕರಿಗೆ ಮಾತ್ರ.